ದಿನಾ ರಾತ್ರಿ ಒಂದೋ, ತಿಂಗಳಿಗೆ ಹನ್ನೆರಡು ದಿನವೋ?

ನಮ್ಮ ಅಕ್ಕನಿಗೆ ಪ್ರತಿ ರಾತ್ರಿ 100 ಮಿ.ಗ್ರಾಂ.ನ ಒಂದು ಪ್ರೊಜೆಸ್ಟರಾನ್ ಮಾತ್ರೆ. ಅವಳ ಜೊತೆ ಬೆಳಿಗ್ಗೆ ವಾಕಿಂಗ್ ಬರುವ ಗೆಳತಿಗೆ ಅದೇ ಮಾತ್ರೆ 200 ಮಿ.ಗ್ರಾಂ., ಆದರೆ ತಿಂಗಳಲ್ಲಿ 12 ದಿನ ಮಾತ್ರ. ಈಸ್ಟ್ರೋಜನ್ ಜೆಲ್ಲನ್ನು ಮಾತ್ರ ಇಬ್ಬರೂ ದಿನಾ ಹಚ್ಚಿಕೊಳ್ಳುತ್ತಾರೆ. ಎರಡೂ ಹೆಣ್ಣಿನ ಹಾರ್ಮೋನುಗಳು. ಮುಟ್ಟು ನಿಲ್ಲುವ ಹೊತ್ತಿನ ಸೆಕೆ, ಬೆವರು, ನಿದ್ದೆಗೇಡಿಗೆ ಇವನ್ನು ಹೊರಗಿನಿಂದ ಕೊಡುವ ಚಿಕಿತ್ಸೆಗೆ ಎಚ್‌ಆರ್‌ಟಿ ಅನ್ನುತ್ತಾರೆ. ಒಂದು ದಿನ ಪಾರ್ಕಿನ ಬೆಂಚಿನ ಮೇಲೆ ಕೂತು ಇಬ್ಬರೂ ಚೀಟಿ ಹೋಲಿಸಿ ನೋಡಿದರು. ಇಬ್ಬರು ಡಾಕ್ಟರಲ್ಲಿ ಒಬ್ಬರಿಗೆ ಏನೂ ಗೊತ್ತಿಲ್ಲ ಅಂತ ಅಲ್ಲೇ ತೀರ್ಮಾನವೂ ಆಯಿತು.

ಇಬ್ಬರು ಡಾಕ್ಟರು ಬರೆದದ್ದೂ ಸರಿಯೇ. ಅಕ್ಕನಿಗೆ 53, ಮುಟ್ಟು ನಿಂತು ಮೂರು ವರ್ಷ ಆಗಿದೆ. ಗೆಳತಿಗೆ 48, ಅವರಿಗೆ ಕೊನೆಯ ಸಲ ಮುಟ್ಟಾಗಿ ಐದೇ ತಿಂಗಳು. ಲೆಕ್ಕ ಬೇರೆಯಾಗುವುದು ಇಲ್ಲೇ. ಈ ಲೆಕ್ಕ ಬಂದದ್ದು ಎಲ್ಲಿಂದ ಅಂತ ಹುಡುಕುತ್ತಾ ಹೋದರೆ ಕತೆ ಕುದುರೆ ಲಾಯಕ್ಕೆ ಹೋಗಿ ನಿಲ್ಲುತ್ತದೆ.

1929ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿ ಮತ್ತು ಜರ್ಮನಿಯ ಅಡೋಲ್ಫ್ ಬ್ಯುಟೆನಾಂಟ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬೇರೆ ಬೇರೆಯಾಗಿ, ಗರ್ಭಿಣಿಯರ ಮೂತ್ರದಿಂದ ಈಸ್ಟ್ರೋಜನ್ನಿನ ಒಂದು ರೂಪವನ್ನು ಬೇರ್ಪಡಿಸಿದರು. ಮದ್ದಿನ ಅಂಗಡಿಗೆ ಸಾಕಾಗುವಷ್ಟು ಬೇಕೆಂದರೆ ಅಷ್ಟು ಮೂತ್ರ ಎಲ್ಲಿಂದ ತರುವುದು? ಗಬ್ಬದ ಕುದುರೆಗಳಿಂದ ತಂದರು. ಅಮೆರಿಕದಲ್ಲಿ 1942ರಲ್ಲಿ ಮಾರಾಟಕ್ಕೆ ಬಂದ ಪ್ರೆಮರಿನ್ ಮಾತ್ರೆಯ ಹೆಸರಿನಲ್ಲೇ ಅದರ ಹುಟ್ಟು ಅಡಗಿದೆ: ಪ್ರೆಗ್ನೆಂಟ್, ಮೇರ್ (ಹೆಣ್ಣು ಕುದುರೆ), ಯೂರಿನ್ ಎಂಬ ಮೂರು ಪದಗಳ ತುಂಡು ಜೋಡಿಸಿದರೆ ಪ್ರೆಮರಿನ್.

ಮೈ ಇದ್ದಕ್ಕಿದ್ದಂತೆ ಕಾದು ಬೆವರುವುದಕ್ಕೆ, ರಾತ್ರಿ ನಿದ್ದೆ ಕೆಡುವುದಕ್ಕೆ ಈ ಮಾತ್ರೆ ನಿಜಕ್ಕೂ ಕೆಲಸ ಮಾಡಿತು. ಅದರಲ್ಲಿ ಅನುಮಾನ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ 1966ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ರಾಬರ್ಟ್ ವಿಲ್ಸನ್ ಒಂದು ಪುಸ್ತಕ ಬರೆದು, ಮುಟ್ಟು ನಿಲ್ಲುವುದೇ ಒಂದು ಕಾಯಿಲೆ, ಈಸ್ಟ್ರೋಜನ್ ತಗೊಂಡರೆ ಹೆಣ್ಣು ಸದಾ ಹೆಣ್ಣಾಗಿಯೇ ಉಳಿಯಬಹುದು ಅಂದುಬಿಟ್ಟರು. ಅವರ ಪ್ರತಿಷ್ಠಾನಕ್ಕೆ ಔಷಧ ಕಂಪನಿಗಳ ಹಣ ಹೋಗುತ್ತಿತ್ತು ಅಂತ ಜನಕ್ಕೆ ಆಮೇಲೆ ಗೊತ್ತಾಯಿತು. 1970ರ ದಶಕದ ನಡುವಿನ ಹೊತ್ತಿಗೆ ಪ್ರೆಮರಿನ್ ಅಮೆರಿಕದಲ್ಲಿ ಅತಿ ಹೆಚ್ಚು ಬರೆದುಕೊಡುವ ಔಷಧಗಳಲ್ಲಿ ಒಂದಾಗಿತ್ತು. ಬರೀ ಈಸ್ಟ್ರೋಜನ್, ಜೊತೆಗೆ ಇನ್ನೇನೂ ಇಲ್ಲ.

1975ರ ಡಿಸೆಂಬರಿನಲ್ಲಿ ಅಮೆರಿಕದ ಒಂದೇ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಬಂದವು. ಒಂದು ಸಿಯಾಟಲ್‌ನಿಂದ, ಇನ್ನೊಂದು ಲಾಸ್ ಏಂಜಲೀಸ್‌ನಿಂದ. ಈಸ್ಟ್ರೋಜನ್ ತಗೊಂಡವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಸಾಧ್ಯತೆ ಒಂದರ ಪ್ರಕಾರ 4.5 ಪಟ್ಟು, ಇನ್ನೊಂದರ ಪ್ರಕಾರ 7.6 ಪಟ್ಟು. ಏಳು ವರ್ಷಕ್ಕಿಂತ ಜಾಸ್ತಿ ತಗೊಂಡವರಲ್ಲಿ ಅದು ಸುಮಾರು 14 ಪಟ್ಟಿಗೆ ಏರಿತ್ತು. ಮಾರಾಟ ದಢಕ್ಕನೆ ಬಿತ್ತು.

ಇಲ್ಲಿ ಪ್ರೊಜೆಸ್ಟರಾನಿನ ಕೆಲಸ ಏನು ಅಂತ ಸ್ವಲ್ಪ ನಿಂತು ನೋಡಬೇಕು. ಗರ್ಭಕೋಶದ ಒಳಪದರಕ್ಕೆ ಈಸ್ಟ್ರೋಜನ್ ಅಂದರೆ ಗದ್ದೆಗೆ ಗೊಬ್ಬರ ಇದ್ದ ಹಾಗೆ. ಪೈರು ಬೆಳೆಯುತ್ತಲೇ ಹೋಗುತ್ತದೆ. ಅದನ್ನು ಮಾಗಿಸಿ ಕೊಯ್ಲಿಗೆ ತರುವುದು ಪ್ರೊಜೆಸ್ಟರಾನ್. ಅದು ಇಳಿದ ಕೂಡಲೇ ಪದರ ಕಳಚಿ ಬೀಳುತ್ತದೆ. ಅದೇ ಮುಟ್ಟು. ಗೊಬ್ಬರ ಹಾಕುತ್ತಲೇ ಇದ್ದು ಕೊಯ್ಲೇ ಮಾಡದಿದ್ದರೆ ಗದ್ದೆಯಲ್ಲಿ ಏನೇನೋ ಬೆಳೆಯುತ್ತದೆ, ಅಲ್ವಾ? 1975ರಲ್ಲಿ ಗೊತ್ತಾದದ್ದು ಅದು.

ಹಾಗಾದರೆ ಪ್ರೊಜೆಸ್ಟರಾನನ್ನೋ ಅದರ ಹಾಗೇ ಕೆಲಸ ಮಾಡುವ ಕೃತಕ ಔಷಧವನ್ನೋ ಸೇರಿಸಿ ಅಂದರು. ಎಷ್ಟು ದಿನ? ಈ ಪ್ರಶ್ನೆ ಹಿಡಿದು ಕೂತವರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಮಾಲ್ಕಂ ವೈಟ್‌ಹೆಡ್, ಜಾನ್ ಸ್ಟಡ್ ಮುಂತಾದವರು ಮುಖ್ಯರು. 1970ರ ದಶಕದ ಕೊನೆಯಲ್ಲಿ ಇಂಥ ತಂಡಗಳು ಹೆಂಗಸರ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾ ದಿನ ಎಣಿಸಿದವು. ತಿಂಗಳಿಗೆ ಏಳು ದಿನ ಕೊಟ್ಟರೆ ಪದರ ಅತಿಯಾಗಿ ದಪ್ಪವಾಗುವುದು ಕಮ್ಮಿಯಾಯಿತು, ಪೂರ್ತಿ ನಿಲ್ಲಲಿಲ್ಲ. ಹತ್ತು ದಿನಕ್ಕೆ ಇನ್ನೂ ಕಮ್ಮಿ. ಹನ್ನೆರಡು ದಿನ ದಾಟಿದ ಮೇಲೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಕ್ಕನ ಗೆಳತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುಂಡಗೆ ಗುರುತು ಹಾಕಿಕೊಳ್ಳುವ ಆ 12 ದಿನದ ಬೇರು ಇಲ್ಲಿದೆ. ಕೆಲವು ಡಾಕ್ಟರು 14 ಅನ್ನುತ್ತಾರೆ. ಹತ್ತಕ್ಕಿಂತ ಕಮ್ಮಿ ಮಾತ್ರ ಈಗ ಯಾರೂ ಹೇಳುವುದಿಲ್ಲ.

ಮೊದಮೊದಲು ಈಸ್ಟ್ರೋಜನ್ನಿಗೂ ತಿಂಗಳಿಗೊಂದು ವಾರ ರಜೆ ಇತ್ತು. 21 ದಿನ ಮಾತ್ರೆ, 7 ದಿನ ಖಾಲಿ. ಗರ್ಭನಿರೋಧಕ ಮಾತ್ರೆಯ ಲೆಕ್ಕವೇ ಇಲ್ಲೂ. ಆ ಖಾಲಿ ವಾರದಲ್ಲಿ ಬೆವರು, ಸೆಕೆ, ನಿದ್ದೆಗೇಡು ಎಲ್ಲ ವಾಪಸ್ ಬರುತ್ತಿತ್ತು. ಆಮೇಲಾಮೇಲೆ ಆ ರಜೆಯನ್ನು ಕೈಬಿಟ್ಟರು. ಈಗ ‘ಸೈಕ್ಲಿಕಲ್’ ಅಂದರೆ ಸಾಮಾನ್ಯವಾಗಿ ಈಸ್ಟ್ರೋಜನ್ ದಿನಾ, ಪ್ರೊಜೆಸ್ಟರಾನ್ ಮಾತ್ರ ಸರದಿಯ ಮೇಲೆ.

ಕ್ಯಾನ್ಸರಿನ ಭಯ ಬಹುಪಾಲು ತಗ್ಗಿತು. ಆದರೆ ಮುಟ್ಟು ಮರಳಿ ಬಂತು. 12 ದಿನದ ಮಾತ್ರೆ ಮುಗಿಯುವ ಹೊತ್ತಿಗೆ ಪ್ರತಿ ತಿಂಗಳೂ ಸ್ರಾವ. ಐವತ್ತೈದು, ಅರವತ್ತರ ಹೆಂಗಸಿಗೆ ಇದು ಯಾಕೆ ಬೇಕು? ಯುರೋಪು, ಅಮೆರಿಕದಲ್ಲೂ ಎಷ್ಟೋ ಜನ ಇದೇ ಕಾರಣಕ್ಕೆ ಮಾತ್ರೆ ಬಿಟ್ಟರು. ನಮ್ಮ ಕಡೆಯಂತೂ ಕೇಳುವುದೇ ಬೇಡ. ಮುಟ್ಟು ನಿಂತ ಮೇಲೆ ಹಬ್ಬ, ಮದುವೆ, ಧರ್ಮಸ್ಥಳದ ಪ್ರಯಾಣ ಯಾವುದಕ್ಕೂ ತಾರೀಖು ಎಣಿಸಬೇಕಿಲ್ಲ ಅನ್ನುವ ನಿರಾಳ ಇರುತ್ತದಲ್ಲ, ನಮ್ಮ ಅಮ್ಮಂದಿರಿಗೆ ಆ ವಯಸ್ಸು ಕೊಟ್ಟ ದೊಡ್ಡ ಬಿಡುಗಡೆಯೇ ಅದು. ಅದನ್ನು ಮಾತ್ರೆಗೆ ಒಪ್ಪಿಸಿ ಅಂದರೆ ಯಾರು ಒಪ್ಪುತ್ತಾರೆ?

ದಾರಿ ತೋರಿಸಿದ್ದು ಸ್ಕ್ಯಾಂಡಿನೇವಿಯಾ. ಸ್ವೀಡನ್ನಿನ ವೈದ್ಯ ಸ್ಟಾಲಂಡ್ 1981ರಲ್ಲಿ ಎರಡೂ ಹಾರ್ಮೋನುಗಳನ್ನು ಬಿಡದೆ ದಿನವೂ ಒಟ್ಟಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಲೆಕ್ಕ ಸರಳ: ಪೈರು ಏಳುವುದಕ್ಕೇ ಬಿಡದಿದ್ದರೆ ಕೊಯ್ಲೇ ಬೇಕಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಪ್ರೊಜೆಸ್ಟರಾನ್ ಬಿದ್ದರೆ ಒಳಪದರ ತೆಳ್ಳಗೇ ಉಳಿಯುತ್ತದೆ, ಸ್ರಾವವೂ ಇಲ್ಲ.

ಇದರಲ್ಲೂ ಒಂದು ಕಿರಿಕಿರಿ ಇದೆ. ಮೊದಲ ಮೂರರಿಂದ ಆರು ತಿಂಗಳು ಯಾವಾಗ ಬೇಕೋ ಆವಾಗ ಕಲೆ ಕಲೆಯಾಗಿ ಸ್ರಾವ ಕಾಣಿಸಬಹುದು. ಮುಟ್ಟು ನಿಂತು ವರ್ಷ ಆಗದವರಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಅವರ ಅಂಡಾಶಯ ಇನ್ನೂ ಪೂರ್ತಿ ಸುಮ್ಮನಾಗಿರುವುದಿಲ್ಲ. ಒಳಗಿನಿಂದ ಒಬ್ಬರು, ಹೊರಗಿನಿಂದ ಒಬ್ಬರು ಬೇರೆ ಬೇರೆ ತಾಳ ಹಾಕಿದ ಹಾಗೆ. ಅದಕ್ಕೇ ಅಕ್ಕನ ಗೆಳತಿಗೆ ಸರದಿಯ ಕ್ರಮ. ಅವರದೇ ತಾಳಕ್ಕೆ ಮಾತ್ರೆಯನ್ನು ಹೊಂದಿಸಿದರೆ ಸ್ರಾವ ಯಾವಾಗ ಬರುತ್ತದೆ ಅಂತಾದರೂ ಗೊತ್ತಿರುತ್ತದೆ. (ಅಂದ ಹಾಗೆ ಈ ಹಂತದಲ್ಲಿ ಎಚ್‌ಆರ್‌ಟಿ ಗರ್ಭ ನಿಲ್ಲುವುದನ್ನು ತಡೆಯುವುದಿಲ್ಲ. ಇದನ್ನು ಚೀಟಿ ಬರೆಯುವಾಗ ಹೇಳುವವರು ಕಮ್ಮಿ.)

ಎರಡೂ ಕ್ರಮವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದು ಅಮೆರಿಕದ ಪೆಪಿ ಅಧ್ಯಯನ. ಗರ್ಭಕೋಶ ಇದ್ದ 596 ಹೆಂಗಸರು, ಮೂರು ವರ್ಷ. 1996ರಲ್ಲಿ ಬಂದ ಫಲಿತಾಂಶದಲ್ಲಿ ಬರೀ ಈಸ್ಟ್ರೋಜನ್ ತಗೊಂಡವರ ಪೈಕಿ 62% ಜನರಿಗೆ ಒಳಪದರ ಅತಿಯಾಗಿ ಬೆಳೆದಿತ್ತು. ಪ್ರೊಜೆಸ್ಟರಾನ್ ಸೇರಿಸಿಕೊಂಡವರಲ್ಲಿ, ದಿನಾ ಆಗಲಿ 12 ದಿನ ಆಗಲಿ, ಅದು ಏನೂ ತಗೊಳ್ಳದವರಷ್ಟೇ ಕಮ್ಮಿ. ಅದೇ ವರ್ಷ ಸ್ಕ್ಯಾಂಡಿನೇವಿಯಾದಿಂದಲೇ ಇನ್ನೊಂದು ಸುದ್ದಿ ಬಂತು. ತಿಂಗಳು ತಿಂಗಳು ಸ್ರಾವ ಬೇಡ, ಮೂರು ತಿಂಗಳಿಗೊಮ್ಮೆ ಹತ್ತು ದಿನ ಪ್ರೊಜೆಸ್ಟರಾನ್ ಕೊಟ್ಟರೆ ಸಾಲದೇ ಅಂತ ಅಲ್ಲಿ ಪ್ರಯೋಗ ಮಾಡಿದ್ದರು. ಸಾಲಲಿಲ್ಲ. ಒಳಪದರ ಕೆಡುವುದು ಕಂಡು ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಮೂರು ವರ್ಷಕ್ಕೆ ಸಮ ಅನಿಸಿದ್ದು ಹತ್ತು ವರ್ಷಕ್ಕೂ ಸಮವೇ? ಅಲ್ಲ. 1990ರ ದಶಕದ ಕೊನೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಿಂದಲೂ ಸ್ವೀಡನ್ನಿನಿಂದಲೂ ಬಂದ ಅಧ್ಯಯನಗಳು ಒಂದೇ ಕಡೆ ಬೊಟ್ಟು ಮಾಡಿದವು. ಸರದಿಯ ಕ್ರಮವನ್ನು ಐದು ವರ್ಷಕ್ಕಿಂತ ಜಾಸ್ತಿ ಮುಂದುವರಿಸಿದವರಲ್ಲಿ ಒಳಪದರದ ಕ್ಯಾನ್ಸರ್ ಮತ್ತೆ ತಲೆ ಎತ್ತುತ್ತಿತ್ತು. ದಿನಾ ತಗೊಂಡವರಲ್ಲಿ ಹಾಗಾಗಲಿಲ್ಲ. ಬ್ರಿಟನ್ನಿನ ಹತ್ತು ಲಕ್ಷ ಹೆಂಗಸರ ಅಧ್ಯಯನವಂತೂ 2005ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ದಿನಾ ತಗೊಂಡವರಿಗೆ ಈ ಕ್ಯಾನ್ಸರ್ ಹಾರ್ಮೋನ್ ಮುಟ್ಟದವರಿಗಿಂತಲೂ ಕಮ್ಮಿ.

ಇಲ್ಲಿಗೇ ನಿಲ್ಲಿಸಿದರೆ ದಿನಾ ತಗೊಳ್ಳುವುದೇ ಗೆದ್ದಿತು ಅನಿಸುತ್ತದೆ. ಆದರೆ ದೇಹದಲ್ಲಿ ಗರ್ಭಕೋಶ ಒಂದೇ ಇಲ್ಲವಲ್ಲ.

2002ರ ಜುಲೈಯಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ತನ್ನ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿತು. 16,608 ಹೆಂಗಸರು, ಸರಾಸರಿ ವಯಸ್ಸು 63. ಜಗತ್ತೆಲ್ಲ ‘ಎಚ್‌ಆರ್‌ಟಿಯಿಂದ ಸ್ತನ ಕ್ಯಾನ್ಸರ್’ ಎಂಬ ತಲೆಬರಹ. ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 38 ಆಗಿತ್ತು, ಅಂದರೆ ಎಂಟು ಜಾಸ್ತಿ. ಪಾರ್ಶ್ವವಾಯುವೂ ಎಂಟು ಜಾಸ್ತಿ. ಸೊಂಟದ ಮೂಳೆ ಮುರಿತ ಐದು ಕಮ್ಮಿ. ತಲೆಬರಹ ಬರೆದವರು ಎರಡು ಸಂಗತಿ ಬಿಟ್ಟರು. ಒಂದು, ಮುಟ್ಟು ನಿಂತ ಹೊಸದರಲ್ಲಿ ಸೆಕೆ ಬೆವರಿಗೆ ಮಾತ್ರೆ ಕೇಳುವ ಐವತ್ತರ ಹೆಂಗಸರು ಅಲ್ಲಿ ಕಮ್ಮಿ ಇದ್ದರು. ಎರಡು, ಅಲ್ಲಿ ಕೊಟ್ಟದ್ದು ಒಂದೇ ಕ್ರಮ: ಕುದುರೆಯ ಈಸ್ಟ್ರೋಜನ್ ಜೊತೆ ಎಂಪಿಎ ಎಂಬ ಕೃತಕ ಪ್ರೊಜೆಸ್ಟರಾನ್, ದಿನಾ. ಗರ್ಭಕೋಶ ಇಲ್ಲದವರಿಗೆ ಬರೀ ಈಸ್ಟ್ರೋಜನ್ ಕೊಟ್ಟ ಇನ್ನೊಂದು ಭಾಗದ ಫಲಿತಾಂಶ 2004ರಲ್ಲಿ ಬಂತು. ಅಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಅಂದರೆ ಅನುಮಾನ ಗರ್ಭಕೋಶವನ್ನು ಕಾಯಲು ಸೇರಿಸಿದ ಔಷಧದ ಮೇಲೇ ಬಿತ್ತು.

2019ರಲ್ಲಿ 58 ಅಧ್ಯಯನಗಳನ್ನು ಒಟ್ಟು ಹಾಕಿದ ಲೆಕ್ಕ ಇದನ್ನು ಇನ್ನಷ್ಟು ಬಿಡಿಸಿ ಇಟ್ಟಿತು. ಪಾಶ್ಚಾತ್ಯ ದೇಶಗಳಲ್ಲಿ 50ನೇ ವಯಸ್ಸಿಗೆ ಶುರು ಮಾಡಿ ಐದು ವರ್ಷ ತಗೊಂಡವರಲ್ಲಿ, ಮುಂದಿನ 20 ವರ್ಷದಲ್ಲಿ ಹೆಚ್ಚುವರಿ ಸ್ತನ ಕ್ಯಾನ್ಸರ್: ದಿನಾ ಪ್ರೊಜೆಸ್ಟರಾನ್ ತಗೊಂಡ ಪ್ರತಿ 50 ಜನರಲ್ಲಿ ಒಬ್ಬರಿಗೆ, ಸರದಿಯ ಮೇಲೆ ತಗೊಂಡ ಪ್ರತಿ 70 ಜನರಲ್ಲಿ ಒಬ್ಬರಿಗೆ, ಬರೀ ಈಸ್ಟ್ರೋಜನ್ ತಗೊಂಡ ಪ್ರತಿ 200 ಜನರಲ್ಲಿ ಒಬ್ಬರಿಗೆ. ನಮ್ಮಲ್ಲಿ ಸ್ತನ ಕ್ಯಾನ್ಸರಿನ ಪ್ರಮಾಣವೇ ಅಲ್ಲಿಗಿಂತ ಕಮ್ಮಿ, ಹಾಗಾಗಿ ಈ ಸಂಖ್ಯೆಗಳನ್ನು ಹಾಗೇ ತಂದು ಇಲ್ಲಿ ಕೂರಿಸಬಾರದು. ಆದರೆ ಏರಿಳಿತದ ದಿಕ್ಕು ನೋಡಿ. ಗರ್ಭಕೋಶ ದಿನಾ ಪ್ರೊಜೆಸ್ಟರಾನ್ ಕೇಳುತ್ತದೆ. ಸ್ತನ ಅದು ಆದಷ್ಟು ಕಮ್ಮಿ ಇರಲಿ ಅನ್ನುತ್ತದೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ತಿರುಳು ಇದೇ. ‘ಸ್ರಾವ ಬೇಕೋ ಬೇಡವೋ’ ಅಂತ ಒಂದೇ ಪ್ರಶ್ನೆ ಕೇಳಿ ಚೀಟಿ ಬರೆದರೆ ಈ ಎಳೆದಾಟ ಕಣ್ಣಿಗೆ ಬೀಳುವುದೇ ಇಲ್ಲ.

ಅಕ್ಕ ತಗೊಳ್ಳುವುದು ಎಂಪಿಎ ಅಲ್ಲ. ನಮ್ಮ ದೇಹದಲ್ಲಿರುವ ಪ್ರೊಜೆಸ್ಟರಾನಿನ ರೂಪವನ್ನೇ ನುಣ್ಣಗೆ ಪುಡಿ ಮಾಡಿ ಗುಳಿಗೆಗೆ ತುಂಬಿದ್ದು. ಸ್ತನಕ್ಕೆ ಇದು ಸ್ವಲ್ಪ ಹಗುರ ಅಂತ ಫ್ರಾನ್ಸಿನ ಅಧ್ಯಯನಗಳು ತೋರಿಸಿವೆ. ನಿದ್ದೆ ಬರಿಸುತ್ತದೆ, ಅದಕ್ಕೇ ರಾತ್ರಿ ತಗೊಳ್ಳುವುದು. ಔಷಧ ಸಿಂಪಡಿಸುವ ಹಾಗೆ ಗರ್ಭಕೋಶದೊಳಗೇ ಹಾರ್ಮೋನ್ ಬಿಡುವ ಮಿರೆನಾದಂಥ ಸಾಧನ ಹಾಕಿಸಿಕೊಂಡವರಿಗೆ ದಿನಾ, ಸರದಿ ಎಂಬ ತಲೆನೋವೇ ಇಲ್ಲ. ಆಪರೇಷನ್ ಆಗಿ ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಪ್ರೊಜೆಸ್ಟರಾನೇ ಬೇಕಿಲ್ಲ. ಅಂಥವರು ನಮ್ಮಲ್ಲಿ ಕಮ್ಮಿಯೇನಲ್ಲ. ಕಲಬುರಗಿ, ಹಾವೇರಿ ಕಡೆ ಬೇಡದಿದ್ದರೂ ಗರ್ಭಕೋಶ ತೆಗೆದ ಪ್ರಕರಣಗಳು ಹೋರಾಟ, ತನಿಖೆಯವರೆಗೂ ಹೋದವು. ಅವರಲ್ಲಿ ಎಷ್ಟೋ ಜನರಿಗೆ ಆಗಿನ್ನೂ ನಲವತ್ತೂ ಆಗಿರಲಿಲ್ಲ. ಈಸ್ಟ್ರೋಜನ್ನಿನ ಹೆಸರನ್ನಾದರೂ ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ.

ಈಗಿನ ವಾಡಿಕೆ ಹೀಗೆ: ಮುಟ್ಟು ಇನ್ನೂ ಬಂದು ಹೋಗಿ ಮಾಡುತ್ತಿದ್ದರೆ, ಅಥವಾ ನಿಂತು ವರ್ಷ ಆಗಿಲ್ಲದಿದ್ದರೆ, ಸರದಿಯ ಕ್ರಮ. ವರ್ಷ ದಾಟಿದ ಮೇಲೆ ದಿನಾ. ಸರದಿಯಲ್ಲಿ ಶುರು ಮಾಡಿದವರೂ ಐದು ವರ್ಷದೊಳಗೆ ದಿನದ ಕ್ರಮಕ್ಕೆ ಬದಲಾಗಬೇಕು. ಭಾರತದ ಹೆಂಗಸರಿಗೆ ಸರಾಸರಿ 46–47ಕ್ಕೇ ಮುಟ್ಟು ನಿಲ್ಲುತ್ತದೆ, ಪಾಶ್ಚಾತ್ಯರಿಗೆ 51ರ ಆಸುಪಾಸು. ಹಾಗಾಗಿ ಈ ಬದಲಾವಣೆಯ ಹೊತ್ತು ನಮ್ಮಲ್ಲಿ ಬೇಗ ಬರುತ್ತದೆ. ದಿನದ ಕ್ರಮದಲ್ಲಿ ಆರು ತಿಂಗಳು ಕಳೆದರೂ ಸ್ರಾವ ನಿಲ್ಲದಿದ್ದರೆ, ಅಥವಾ ನಿಂತದ್ದು ಮತ್ತೆ ಶುರುವಾದರೆ, ಸ್ಕ್ಯಾನ್ ಮಾಡಿಸಿ ಒಳಪದರ ನೋಡಬೇಕು. ಯಾವ ಮಾತ್ರೆಯೂ ಇಲ್ಲದೆ, ಮುಟ್ಟು ನಿಂತು ವರ್ಷವಾದ ಮೇಲೆ ಕೆಂಪು ಕಂಡರೆ ಒಂದು ದಿನವೂ ಕಾಯುವ ಹಾಗಿಲ್ಲ. ‘ಮತ್ತೆ ಮುಟ್ಟು ಬಂತು’ ಅಂತ ಅದನ್ನು ಮನೆಯಲ್ಲೇ ಮುಚ್ಚಿಟ್ಟುಕೊಂಡವರನ್ನು ನಾನೇ ನೋಡಿದ್ದೇನೆ.

2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಎಚ್‌ಆರ್‌ಟಿ ಡಬ್ಬಿಗಳ ಮೇಲೆ ಎರಡು ದಶಕದಿಂದ ಇದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಹೃದಯ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆಯ ಮಾತುಗಳನ್ನು ತೆಗೆಸುವುದಾಗಿ ಹೇಳಿತು. ಬರೀ ಈಸ್ಟ್ರೋಜನ್ ಇರುವ ಮಾತ್ರೆಗಳ ಮೇಲೆ ಒಂದು ಎಚ್ಚರಿಕೆಯನ್ನು ಮಾತ್ರ ಮುಟ್ಟಲಿಲ್ಲ. ಅದು 1975ರ ಡಿಸೆಂಬರಿನ ಮಾತು: ಗರ್ಭಕೋಶ ಇದ್ದವರು ಇದನ್ನು ಒಂಟಿಯಾಗಿ ತಗೊಂಡರೆ ಒಳಪದರದ ಕ್ಯಾನ್ಸರ್ ಬರಬಹುದು.