ಜೂನ್ ಒಂದರ ಹುಡುಗರು ಮತ್ತು ಅಂಡರ್-19 ವಿಶ್ವಕಪ್

ಎರಡು ವರ್ಷಕ್ಕೊಮ್ಮೆ ಕ್ರಿಕೆಟ್‌ನ ಅಂಡರ್-19 ವಿಶ್ವಕಪ್ ಬಂತು ಅಂದ್ರೆ ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ನಾವು ಟೀ ಕುಡಿಯೋ ಜಾಗದಲ್ಲಿ ಒಂದೇ ಜಗಳ. "ಇವ್ನಿಗೆ ಹತ್ತೊಂಬತ್ತಾ? ಗಡ್ಡ ನೋಡು ಮಾರಾಯ, ನನ್ ಮಗಳ ಮದುವೆಗೆ ಬಂದ ಬೀಗರ ಥರ ಇದಾನೆ!" ಇದು ಹಳೇ ಜಗಳ. ಈಚೆಗೆ ಅದು ಉಲ್ಟಾ ಆಗಿದೆ. ವೈಭವ್ ಸೂರ್ಯವಂಶಿ ಹುಟ್ಟಿದ್ದು 2011ರ ಮಾರ್ಚ್ 27ಕ್ಕೆ. 2025ರ ಏಪ್ರಿಲ್‌ನಲ್ಲಿ, ಹದಿನಾಲ್ಕು ತುಂಬಿ ಒಂದು ತಿಂಗಳಿಗೆ, ಐಪಿಎಲ್‌ನಲ್ಲಿ 35 ಬಾಲಿಗೆ ನೂರು ಹೊಡೆದ ಹುಡುಗ. 2026ರ ಅಂಡರ್-19 ವಿಶ್ವಕಪ್ ಆಡಿದ. ಬರೀ ವಯಸ್ಸು ನೋಡಿದರೆ 2028ಕ್ಕೂ ಸೈ, 2030ಕ್ಕೂ ಸೈ. ಆದರೆ ಭಾರತದ ನಿಯಮದ ಪ್ರಕಾರ ಇನ್ನೊಮ್ಮೆ ಆಡೋ ಹಾಗಿಲ್ಲ.

"ವಯಸ್ಸಿದೆ, ಆಟ ಇದೆ, ಮತ್ಯಾಕೆ ಬೇಡ?" ಅಂತ ಮೊನ್ನೆ ಒಬ್ಬರು ಕೇಳಿದರು. ಒಂದೇ ಮಾತಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇದನ್ನ ಬರೆಯೋಕೆ ಕೂತೆ.

ಮೊದಲು ಇತಿಹಾಸ, ಬೇಗ ಮುಗಿಸುತ್ತೇನೆ. 1988ರಲ್ಲಿ ಆಸ್ಟ್ರೇಲಿಯಾ ತನ್ನ ಇನ್ನೂರನೇ ವರ್ಷದ ಸಂಭ್ರಮದ ನೆಪದಲ್ಲಿ 8 ತಂಡಗಳನ್ನ ಕರೆದು ಒಂದು ಯುವ ವಿಶ್ವಕಪ್ ಮಾಡಿತು, ಮುಂದೆ ದೊಡ್ಡ ಆಟಗಾರರಾದ ಲಾರಾ, ಇಂಜಮಾಮ್, ಜಯಸೂರ್ಯ, ಆಥರ್ಟನ್ ಎಲ್ಲ ಆಡಿದರು, ಆಸ್ಟ್ರೇಲಿಯಾನೇ ಗೆದ್ದಿತು, ಆಮೇಲೆ ಹತ್ತು ವರ್ಷ ಯಾರೂ ಅದರ ಸುದ್ದಿ ಎತ್ತಲಿಲ್ಲ. 1998ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮತ್ತೆ ಶುರುವಾಯಿತು, ಅಲ್ಲಿಂದ ಎರಡು ವರ್ಷಕ್ಕೊಮ್ಮೆ. 2000ದಲ್ಲಿ ಕೈಫ್ ನಾಯಕತ್ವದಲ್ಲಿ ಭಾರತ ಕೊಲಂಬೊದಲ್ಲಿ ಗೆದ್ದಾಗ ನಮ್ಮೂರಲ್ಲಿ ಅರ್ಧ ಜನಕ್ಕೆ ಇಂಥದ್ದೊಂದು ಟೂರ್ನಿ ಇದೆ ಅಂತಲೇ ಗೊತ್ತಿರಲಿಲ್ಲ. ಹೆಣ್ಣುಮಕ್ಕಳಿಗಂತೂ 2023ರ ತನಕ ವಿಶ್ವಕಪ್ಪೇ ಇರಲಿಲ್ಲ. ಬಂದ ಮೇಲೆ ಮೊದಲೆರಡೂ ಸಲ ಗೆದ್ದವರು ನಮ್ಮವರೇ. ಎರಡನೇ ಸಲ, 2025ರಲ್ಲಿ, ನಾಯಕಿ ಆಗಿದ್ದವಳು ಕರ್ನಾಟಕದ ನಿಕಿ ಪ್ರಸಾದ್.

ಎಲ್ಲ ಬದಲಾಗಿದ್ದು 2008ರಲ್ಲಿ. ಆ ವರ್ಷ ಮಲೇಷ್ಯಾದಲ್ಲಿ ಕೊಹ್ಲಿ ತಂಡ ಕಪ್ ಗೆದ್ದಿತು, ಆ ತಂಡದಲ್ಲಿ ನಮ್ಮ ಮನೀಷ್ ಪಾಂಡೆನೂ ಇದ್ದರು. ಅದೇ ಬೇಸಿಗೆಗೆ ಐಪಿಎಲ್ ಶುರುವಾಯಿತು. ಈ ಹುಡುಗರನ್ನ ಐಪಿಎಲ್ ತಂಡದವರು ದೊಡ್ಡ ಹರಾಜಿಗೆ ಬಿಡದೆ ಬೇರೆಯಾಗಿ ಹಂಚಿಕೊಂಡರು. ಡೆಲ್ಲಿಯವರು ಕೊಹ್ಲಿ ಬದಲು ಪ್ರದೀಪ್ ಸಾಂಗ್ವಾನ್‌ನ ಆರಿಸಿಕೊಂಡರು, ಕೊಹ್ಲಿ 30 ಸಾವಿರ ಡಾಲರ್‌ಗೆ ಬೆಂಗಳೂರಿಗೆ ಬಂದರು. ಹತ್ತು ವರ್ಷ ಕಳೆದು 2018ರ ವಿಶ್ವಕಪ್ ಇನ್ನೂ ನಡೀತಾ ಇದ್ದಾಗಲೇ ಹರಾಜು ಆಯಿತು. ಆ ಸಲದ ತಂಡದ ಕಮಲೇಶ್ ನಾಗರಕೋಟಿಗೆ 3.2 ಕೋಟಿ, ಶಿವಂ ಮಾವಿಗೆ 3 ಕೋಟಿ, ಶುಭಮನ್ ಗಿಲ್‌ಗೆ 1.8 ಕೋಟಿ. ಸೆಮಿಫೈನಲ್ ಇನ್ನೂ ಆಗಬೇಕಿತ್ತು.

ಇದನ್ನ ಯಾಕೆ ಹೇಳಿದೆ ಅಂದರೆ, ಅಷ್ಟು ದಿನ ವಯಸ್ಸು ಅನ್ನೋದು ಬರೀ ವಯಸ್ಸಾಗಿತ್ತು. ಆಮೇಲೆ ಅದಕ್ಕೆ ಬೆಲೆ ಬಂತು. ಒಂದು ವರ್ಷ ಚಿಕ್ಕವನಾದರೆ ಇನ್ನೊಂದು ಚಾನ್ಸ್, ಎರಡು ವರ್ಷ ಚಿಕ್ಕವನಾದರೆ ಇನ್ನೊಂದು ವಿಶ್ವಕಪ್. ದೇಹ ಬಲಿತ ಇಪ್ಪತ್ತರ ಹುಡುಗ ಹದಿನೇಳರ ಹುಡುಗನಿಗೆ ಬೌಲಿಂಗ್ ಮಾಡಿದರೆ ಏನಾಗುತ್ತೆ ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಈಗ ಗಡುವಿನ ವಿಷಯ. ಅಂಡರ್-19 ಅಂದರೆ ಟೂರ್ನಿ ದಿನಕ್ಕೆ ಹತ್ತೊಂಬತ್ತು ತುಂಬಿರಬಾರದು ಅಂತ ಅಲ್ಲ. ಹಿಂದಿನ ಸೆಪ್ಟೆಂಬರ್ 1ಕ್ಕೆ ಮುಂಚೆ ತುಂಬಿರಬಾರದು. 2024ರ ವಿಶ್ವಕಪ್‌ಗೆ 2004ರ ಸೆಪ್ಟೆಂಬರ್ 1 ಅಥವಾ ಆಮೇಲೆ ಹುಟ್ಟಿರಬೇಕಿತ್ತು, 2026ಕ್ಕೆ 2006ರ ಸೆಪ್ಟೆಂಬರ್ 1. ನಮ್ಮ ದೇಶದೊಳಗಿನ ಕೂಚ್ ಬೆಹಾರ್, ವಿನೂ ಮಂಕಡ್ ಅನ್ನೋ ಅಂಡರ್-19 ಟ್ರೋಫಿಗಳಿಗೂ ಲೆಕ್ಕ ಸೆಪ್ಟೆಂಬರ್ 1ರಿಂದಲೇ. ಆಗಸ್ಟ್ 31ಕ್ಕೆ ಹುಟ್ಟಿದವನು ಮರುದಿನ ಹುಟ್ಟಿದವನಿಗಿಂತ ಒಂದು ದಿನ ದೊಡ್ಡವನು, ಕ್ರಿಕೆಟ್ ಲೆಕ್ಕದಲ್ಲಿ ಒಂದು ವರ್ಷ.

ಇಲ್ಲಿಗೆ ನಮ್ಮ ಮಲೆನಾಡು ಬರುತ್ತೆ. ನಾನು ಸುಮಾರು ವರ್ಷ ಈ ಕಡೆಯ ಹುಡುಗರ ಮ್ಯಾಚ್‌ಗಳಿಗೆ ಸ್ಕೋರ್ ಬರೀತಾ ಕೂತವನು. ಟೀಮ್ ಲಿಸ್ಟ್ ಜೊತೆ ಹುಟ್ಟಿದ ದಿನಾಂಕವೂ ಬರುತ್ತಿತ್ತು. ಒಮ್ಮೆ ಒಂದು ಟೀಮಲ್ಲಿ ನಾಲ್ಕು ಹುಡುಗರು ಜೂನ್ 1ಕ್ಕೆ ಹುಟ್ಟಿದ್ದರು. ಹೊರಗಿನವರಿಗೆ ಇದು ಕಳ್ಳಾಟ ಅನ್ನಿಸುತ್ತೆ. ನಮಗೆ ಗೊತ್ತಲ್ವಾ, ಅದು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ. ಶಾಲೆ ಶುರುವಾಗೋ ದಿನಕ್ಕೆ ಮಗುವಿಗೆ 5 ವರ್ಷ 10 ತಿಂಗಳು ಆಗಿರಬೇಕಿತ್ತು. ಬಲಗೈನ ತಲೆ ಮೇಲಿಂದ ತಂದು ಎಡ ಕಿವಿ ಮುಟ್ಟಿಸೋರು. ಬೆರಳು ಕಿವಿಗೆ ತಾಗಿತು, ಬರ್ಕೋ ಒಂದನೇ ಕ್ಲಾಸು. ತಿಂಗಳು ಕಮ್ಮಿ ಬಿದ್ದರೆ ಹುಟ್ಟಿದ ದಿನಾನೇ ಒಂಚೂರು ಹಿಂದಕ್ಕೆ ಸರಿಯೋದು, ಅಷ್ಟೆ.

ಅಕ್ಟೋಬರ್‌ನಲ್ಲಿ ಹುಟ್ಟಿದ ಹುಡುಗನಿಗೆ ಅದೇ ವರ್ಷದ ಜೂನ್ 1 ಅಂತ ಬರೆದರೆ ಅವನು ಕಾಗದದಲ್ಲಿ ನಾಲ್ಕು ತಿಂಗಳು ದೊಡ್ಡವನಾಗುತ್ತಾನೆ. ಸೆಪ್ಟೆಂಬರ್ 1ರ ಗೆರೆ ದಾಟಿ ಆಚೆ ಬೀಳುತ್ತಾನೆ. ಅಂದರೆ ಕ್ರಿಕೆಟ್‌ನಲ್ಲಿ ಪೂರ್ತಿ ಒಂದು ವರ್ಷ ಹೋಯಿತು. ದೇಶ ಎಲ್ಲ ವಯಸ್ಸು ಕಮ್ಮಿ ಮಾಡಿಸಿಕೊಳ್ಳೋರ ಬಗ್ಗೆ ಮಾತಾಡ್ತಾ ಇದ್ದಾಗ ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆ ಹುಡುಗರು ಸುಮ್ನೆ ಜಾಸ್ತಿ ವಯಸ್ಸು ಹೊತ್ತುಕೊಂಡು ಓಡಾಡ್ತಿದ್ದರು.

ಹಾಗಂತ ನಿಜವಾದ ದಿನ ಮನೇಲಿ ಗೊತ್ತಿಲ್ಲ ಅಂತಲ್ಲ. ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಜಾತಕ ಇರುತ್ತೆ. ತಿಥಿ, ನಕ್ಷತ್ರ, ಸೂರ್ಯೋದಯ ಆಗಿ ಎಷ್ಟು ಗಳಿಗೆ ಅನ್ನೋ ತನಕ ಬರೆದಿರುತ್ತಾರೆ. ಪಂಚಾಯಿತಿಯಲ್ಲಿ ಮಾತ್ರ ಬರೆಸಿರಲ್ಲ. ಜನನ ನೋಂದಣಿ ಕಾನೂನು 1969ರದ್ದು, 21 ದಿನದೊಳಗೆ ಬರೆಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಿತ್ತು. ಮನೇಲೇ ಹೆರಿಗೆ, ಹೊರಗೆ ಆಷಾಢದ ಮಳೆ, ಹಳ್ಳ ತುಂಬಿ ದಾರಿ ಕಟ್ಟಿದೆ. ಯಾರು ಹೋಗ್ತಾರೆ? ಹತ್ತನೇ ಕ್ಲಾಸಿಗೋ ಕ್ರಿಕೆಟ್‌ಗೋ ಸರ್ಟಿಫಿಕೇಟ್ ಬೇಕು ಅಂದಾಗ ಮಾಡಿಸೋದು, ಆಗ ಶಾಲೆ ದಾಖಲೆಗೆ ಹೊಂದಬೇಕಲ್ಲ, ಮತ್ತೆ ಅದೇ ಜೂನ್ 1.

ಕಾಗದ ನಂಬೋಕಾಗಲ್ಲ ಅಂತ ಕ್ರಿಕೆಟ್ ಮಂಡಳಿಗೂ ಅನ್ನಿಸಿ, 2012ರಿಂದ ಹದಿನಾರರೊಳಗಿನ ಹುಡುಗರಿಗೆ ಮೂಳೆ ಪರೀಕ್ಷೆ ತಂದರು. ಹೆಸರು ಟಿಡಬ್ಲ್ಯೂ3. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೀತಾರೆ. ಮುಂಗೈಯ ಎರಡು ಮೂಳೆ, ಬೆರಳುಗಳ ಪುಟ್ಟ ಮೂಳೆ, ಒಟ್ಟು 13 ಮೂಳೆಗಳ ತುದಿ ಎಷ್ಟು ಬಲಿತಿದೆ ಅಂತ ಅಂಕ ಹಾಕ್ತಾರೆ. ಬೆಳೆಯೋ ಮಕ್ಕಳ ಮೂಳೆ ತುದಿಯಲ್ಲಿ ಎಕ್ಸ್-ರೇಯಲ್ಲಿ ಕಪ್ಪು ಗೆರೆ ಥರ ಒಂದು ಸಂದು ಕಾಣುತ್ತೆ, ಬೆಳವಣಿಗೆ ಮುಗಿದ ಹಾಗೆ ಅದು ಮುಚ್ಚಿಕೊಳ್ಳುತ್ತೆ. ಅಂಕ ಕೂಡಿಸಿ ಪಟ್ಟಿಯಲ್ಲಿ ನೋಡಿದರೆ ಒಂದು ವಯಸ್ಸು ಸಿಗುತ್ತೆ.

ತೊಂದರೆ ಏನಂದರೆ, ಅದು ಮೂಳೆ ವಯಸ್ಸು. ಹುಟ್ಟಿದ ವಯಸ್ಸಲ್ಲ. ಬೇಗ ಪ್ರಾಯಕ್ಕೆ ಬರೋ ಹುಡುಗನ ಮೂಳೆ ಒಂದು ವರ್ಷ ಮುಂದೆ ಇರಬಹುದು, ನಿಧಾನಕ್ಕೆ ಬೆಳೆಯೋನದ್ದು ಹಿಂದೆ. ಈ ವಿಧಾನ ಮಾಡಿದ್ದು ಮಕ್ಕಳ ಬೆಳವಣಿಗೆ ಸರಿ ಇದೆಯಾ ನೋಡೋ ಡಾಕ್ಟರುಗಳಿಗೆ, ಕ್ರಿಕೆಟ್ ಆಯ್ಕೆಗಾರರಿಗಲ್ಲ. ಇನ್ನೊಂದು, ಗಂಡು ಹುಡುಗರಲ್ಲಿ ಟಿಡಬ್ಲ್ಯೂ3 ಲೆಕ್ಕ ಹದಿನಾರೂವರೆ ವರ್ಷಕ್ಕೆ ಮುಗಿದು ಹೋಗುತ್ತೆ. ಅಲ್ಲಿಗೆ ಮೂಳೆ ಪೂರ್ತಿ ಬಲಿತಿದೆ ಅಂತ ಅರ್ಥ. ಹದಿನೇಳಾದರೂ ಅಷ್ಟೇ, ಇಪ್ಪತ್ತೇಳಾದರೂ ಅಷ್ಟೇ. ಹಾಗಾಗಿ ಇದು ಅಂಡರ್-16ಕ್ಕೆ ಜರಡಿ ಆಗಬಹುದು, ಅಂಡರ್-19ಕ್ಕೆ ಆಗಲ್ಲ. ವಿಶ್ವಕಪ್ ಇರೋದು ಅಂಡರ್-19ಕ್ಕೆ!

ನಾನು ಸ್ಕೋರ್ ಬರೆದ ಒಬ್ಬ ಹುಡುಗ ಇದ್ದ. ಹೆಸರು ಬೇಡ. ಹದಿನೈದಕ್ಕೆ ಗಡ್ಡದ ನೆರಳು ಬಂದಿತ್ತು, ಎತ್ತರ ಅವರಪ್ಪನನ್ನ ಮೀರಿತ್ತು, ಮ್ಯಾಟಿಂಗ್ ವಿಕೆಟ್ ಮೇಲೆ ಅವನ ಬಾಲ್ ಎದೆ ತನಕ ಏಳೋದು. ಪರೀಕ್ಷೆಯಲ್ಲಿ ಮೂಳೆ ಬಲಿತಿದೆ ಅಂತ ಬಂತು, ಅಲ್ಲಿಗೆ ಅಂಡರ್-16 ಮುಗೀತು. ಅಡಿಕೆ ಕೊನೆ ಕೊಯ್ಲು ಅರ್ಧಕ್ಕೆ ಬಿಟ್ಟು ಅವನ ಅಪ್ಪ ಅಮ್ಮ ಇಬ್ಬರೂ ಬಂದಿದ್ದರು. ಅಪ್ಪ ಏನೂ ಮಾತಾಡಲಿಲ್ಲ. ಅಮ್ಮ ಸೆರಗಿನ ಮರೆಯಿಂದ ಜಾತಕ ತೆಗೆದು ತೋರಿಸಿದರು. "ನನ್ ಮಗ ಯಾವಾಗ ಹುಟ್ಟಿದ್ದು ಅಂತ ನಂಗೆ ಗೊತ್ತಿಲ್ವಾ? ನಾನೇ ಹೆತ್ತಿದ್ದಲ್ವಾ?" ಅಂದರು. ಎದುರಿಗಿದ್ದವರು ಕೆಟ್ಟವರೇನಲ್ಲ. ಅವರ ಕೈಯಲ್ಲಿ ಇದ್ದಿದ್ದು ಒಂದು ವರದಿ, ಒಂದು ನಿಯಮ. ಜಾತಕ ಓದೋಕೆ ಅದರಲ್ಲಿ ಕಾಲಂ ಇರಲಿಲ್ಲ.

ಒಂದು ಸಲದ ಪರೀಕ್ಷೆ ಮೇಲೆ ಮುಂದಿನ ವರ್ಷಕ್ಕೆ ಸುಮ್ನೆ ಒಂದು ಕೂಡಿಸಿ ಅನರ್ಹ ಅನ್ನೋ ಪದ್ಧತಿಯೂ ಇತ್ತು. ಇನ್ನೊಂದು ಪರೀಕ್ಷೆಗೆ ಅವಕಾಶ ಕೊಡೋಣ ಅಂತ ಮಂಡಳಿ ಮನಸ್ಸು ಮಾಡಿದ್ದು 2025ರಲ್ಲಿ.

ನಡುವೆ ಬಂದಿದ್ದು ದ್ರಾವಿಡ್ ಮಾತು. 2015ರಲ್ಲಿ ಅವರು ಅಂಡರ್-19 ತಂಡದ ಕೋಚ್ ಆದರು, ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಮಾಜಿ ನಾಯಕ ಪಟೌಡಿ ಹೆಸರಿನ ಉಪನ್ಯಾಸ ಕೊಟ್ಟರು. ವಯಸ್ಸು ಮುಚ್ಚಿಡೋದು ಮ್ಯಾಚ್ ಫಿಕ್ಸಿಂಗ್‌ಗಿಂತ ಬೇರೆ ಏನಲ್ಲ, ಮೊದಲ ಹೆಜ್ಜೆಯಲ್ಲೇ ಮಗುವಿಗೆ ಮೋಸ ಕಲಿಸಿದ ಹಾಗೆ, ಅನ್ನೋದು ಅವರ ಮಾತಿನ ಸಾರ. ಅಷ್ಟು ನೇರವಾಗಿ ಅದನ್ನ ಅವರ ಮಟ್ಟದವರು ಅಲ್ಲೀತನಕ ಹೇಳಿದ್ದು ನಾನಂತೂ ಕೇಳಿರಲಿಲ್ಲ. 2016ರ ಜೂನ್‌ನಲ್ಲಿ ನಿಯಮ ಬಂತು: ಭಾರತದ ಹುಡುಗ ಒಂದೇ ಅಂಡರ್-19 ವಿಶ್ವಕಪ್ ಆಡಬಹುದು. ಅದಕ್ಕೆ ಮುಂಚೆ ಜಡೇಜ 2006, 2008 ಎರಡೂ ಆಡಿದ್ದರು, ಸರ್ಫರಾಜ್, ಅವೇಶ್ 2014, 2016 ಎರಡೂ. ಅದರಲ್ಲಿ ತಪ್ಪೇನೂ ಇರಲಿಲ್ಲ, ಆಗ ಹಾಗೆ ಆಡಬಹುದಿತ್ತು. ಅಂತರರಾಷ್ಟ್ರೀಯ ಮಂಡಳಿ ಐಸಿಸಿಗೆ ಈಗಲೂ ಅಂಥ ಕಟ್ಟುಪಾಡಿಲ್ಲ, ಬಾಬರ್ ಆಜಂ ಎರಡು ಆಡಿದ್ದಾರೆ, ಬಾಂಗ್ಲಾದ ಮೆಹದಿ ಹಸನ್ ಎರಡು ಆಡಿದ್ದಾರೆ. ಇದು ನಾವೇ ಹಾಕಿಕೊಂಡ ಬೇಲಿ.

ನನಗೆ ಈ ಬೇಲಿ ಇಷ್ಟ. ಎರಡನೇ ವಿಶ್ವಕಪ್ ಅನ್ನೋ ಆಸೆನೇ ಇಲ್ಲ ಅಂದ ಮೇಲೆ ಎರಡು ವರ್ಷ ಕದಿಯೋದರ ಲಾಭನೂ ಅಷ್ಟು ಕಮ್ಮಿ. ಎಕ್ಸ್-ರೇ ಬೇಕಿಲ್ಲ, ಕೋರ್ಟ್ ಬೇಕಿಲ್ಲ. ಸೂರ್ಯವಂಶಿಗೆ ಇದರಿಂದ ನಷ್ಟ ಅನ್ನೋರಿದ್ದಾರೆ, ಐಪಿಎಲ್ ಆಡಿದ ಹುಡುಗನಿಗೆ ಏನು ನಷ್ಟವೋ ನನಗೆ ಅರ್ಥ ಆಗಿಲ್ಲ. ಅವನ ಜಾಗಕ್ಕೆ 2028ರಲ್ಲಿ ಬರೋ ಹುಡುಗನಿಗಂತೂ ಲಾಭ.

2020ರ ಆಗಸ್ಟ್‌ನಲ್ಲಿ ಇನ್ನೊಂದು ದಾರಿ ತೆರೆದರು. ತಪ್ಪು ದಿನಾಂಕ ಕೊಟ್ಟಿದ್ದೀನಿ ಅಂತ ಆ ವರ್ಷದ ಸೆಪ್ಟೆಂಬರ್ 15ರೊಳಗೆ ತಾವಾಗಿ ಒಪ್ಪಿಕೊಂಡರೆ ಶಿಕ್ಷೆ ಇರಲಿಲ್ಲ, ನಿಜವಾದ ವಯಸ್ಸಿನ ಗುಂಪಲ್ಲಿ ಆಡಬಹುದಿತ್ತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ. ಒಳ್ಳೇದೇ. ಆದರೆ ಜೊತೆಗೆ ಒಂದು ಸಾಲು ಇತ್ತು, ಪೇಪರ್‌ನವರು ಅದನ್ನ ಜಾಸ್ತಿ ಬರೀಲಿಲ್ಲ. ಹುಟ್ಟಿ ಎರಡು ವರ್ಷ ದಾಟಿದ ಮೇಲೆ ಜನನ ನೋಂದಣಿ ಆಗಿದ್ದರೆ, ಅಂಥ ಹುಡುಗ ಅಂಡರ್-19 ಎಷ್ಟು ವರ್ಷ ಆಡಬಹುದು ಅನ್ನೋದಕ್ಕೆ ಮಿತಿ. ಕಾರಣ ಸರಿಯಾಗಿದೆ, ತಡವಾಗಿ ಮಾಡಿಸಿದ ಸರ್ಟಿಫಿಕೇಟ್‌ನಲ್ಲೇ ಕಿತಾಪತಿ ಜಾಸ್ತಿ. ಆದರೆ ತಡ ಆಗೋದು ಯಾರ ಮನೇಲಿ? ಆಸ್ಪತ್ರೆ ಪಕ್ಕದಲ್ಲಿ ಇರೋರ ಮನೇಲಲ್ಲ.

2023ರ ಅಕ್ಟೋಬರ್ 1ರಿಂದ ಕಾನೂನೇ ತಿದ್ದುಪಡಿ ಆಗಿದೆ. ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಗೂ, ಇನ್ನೆಲ್ಲದಕ್ಕೂ ಜನನ ಪ್ರಮಾಣ ಪತ್ರವೇ ಆಧಾರ. ಮೇಷ್ಟ್ರ ಜೂನ್ 1 ಇನ್ನು ನಡೆಯಲ್ಲ. ಆ ಮಕ್ಕಳು ಅಂಡರ್-19 ಆಡೋ ಹೊತ್ತಿಗೆ 2040 ದಾಟಿರುತ್ತೆ, ಅದು ಬೇರೆ ಮಾತು.

ಈ ಎಲ್ಲ ಗೋಜಲಿನ ನಡುವೆ 2024ರ ಜನವರಿಯಲ್ಲಿ ಸವಳಂಗ ರಸ್ತೆಯ ನವುಲೆ ಮೈದಾನದಲ್ಲಿ ಕೂಚ್ ಬೆಹಾರ್ ಫೈನಲ್ ನಡೆಯಿತು. ಮುಂಬೈ 380, ಕರ್ನಾಟಕ 8 ವಿಕೆಟ್‌ಗೆ 890. ಪ್ರಖರ್ ಚತುರ್ವೇದಿ ಒಬ್ಬರೇ 638 ಬಾಲ್ ಆಡಿ ಔಟಾಗದೆ 404. ಕೂಚ್ ಬೆಹಾರ್ ಫೈನಲ್‌ನಲ್ಲಿ ಯುವರಾಜ್ ಸಿಂಗ್ 358 ಹೊಡೆದಿದ್ದು 1999ರಲ್ಲಿ, ಆ ದಾಖಲೆ ಮುರೀತು. ಊರಲ್ಲಿ ಗೊತ್ತಾಗೋ ಹೊತ್ತಿಗೆ ಮ್ಯಾಚ್ ಮುಗಿದಿತ್ತು. ಅಷ್ಟರಲ್ಲಿ ಅಂಡರ್-19 ವಿಶ್ವಕಪ್ ತಂಡ ಆರಿಸಿ ಆಗಿತ್ತು, ನಾಲ್ಕು ದಿನಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಟೂರ್ನಿ ಶುರು. ಪ್ರಖರ್ ಆ ತಂಡದಲ್ಲಿ ಇರಲಿಲ್ಲ.

ಮಳೆ ಬಿಟ್ಟ ಮೇಲೆ ಒಂದು ದಿನ ಟ್ರಯಲ್ಸ್ ಹತ್ತಿರ ಹೋಗಿದ್ದೆ. ಅಪ್ಪಂದಿರ ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಒಳಗೆ ಜನನ ಪ್ರಮಾಣ ಪತ್ರ, ಆಧಾರ್, ಟಿಸಿ, ಎಲ್ಲದರದ್ದೂ ಮೂರು ಮೂರು ಜೆರಾಕ್ಸ್. ಒಬ್ಬರು ಹತ್ತಿರ ಬಂದು, "ಸರ್, ಎಕ್ಸ್-ರೇ ಯಾವ ಕೈಗೆ ತೆಗೀತಾರೆ?" ಅಂದರು. ಎಡಗೈ ಅಂದೆ. ಪಕ್ಕದಲ್ಲಿದ್ದ ಹುಡುಗ ಎಡಗೈ ಸ್ಪಿನ್ನರ್. ಬೆರಳು ಬಿಡಿಸಿ ಮಡಚಿ ನೋಡಿಕೊಂಡ. "ಬಾಲ್ ಹಾಕೋಕೆ ಏನೂ ಆಗಲ್ಲ ಅಲ್ವಾ ಸರ್?" ಅಂತ ಕೇಳಿದ.