ಕರಗುವ ಗೋಡೆಗಳ ಮನೆ: ಟೆನ್ನೆಸ್ಸೀ ವಿಲಿಯಮ್ಸ್ ನಾಟಕಗಳ ಬೆಳಕು ಮತ್ತು ಅವುಗಳ ರೂಪಾಂತರ

ಅಮೆರಿಕದ ನಾಟಕಕಾರ ಟೆನ್ನೆಸ್ಸೀ ವಿಲಿಯಮ್ಸ್ ಅವರ ನಾಟಕಗಳನ್ನು ಕುರಿತ ಮಾತು ಹೆಚ್ಚಾಗಿ ಪಾತ್ರಗಳ ಮನಸ್ಸಿನ ಸುತ್ತ ನಡೆಯುತ್ತದೆ. ಅವುಗಳ ಸಿನಿಮಾ ರೂಪಗಳನ್ನು ಕುರಿತ ಮಾತು ಸೆನ್ಸಾರಿನ ಕತ್ತರಿಯ ಸುತ್ತ. ಎರಡೂ ಬೇಕಾದ ಚರ್ಚೆಗಳೇ. ಆದರೆ ರಂಗದ ಬೆಳಕಿನ ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡವರಿಗೆ ವಿಲಿಯಮ್ಸ್ ಪಠ್ಯದಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಂಭಾಷಣೆಯಲ್ಲ, ರಂಗಸೂಚನೆ. ಬೆಳಕು ಎಲ್ಲಿಂದ ಬರಬೇಕು, ಯಾರ ಮೇಲೆ ನಿಲ್ಲಬೇಕು, ಯಾವ ಗೋಡೆ ಯಾವ ಹೊತ್ತಿಗೆ ಇಲ್ಲವಾಗಬೇಕು ಎಂಬುದನ್ನು ಅವರು ಕಥೆಯ ಭಾಗವಾಗಿಯೇ ಬರೆದರು. ಹಾಗಾಗಿ ಈ ನಾಟಕಗಳು ಬೇರೊಂದು ಮಾಧ್ಯಮಕ್ಕೆ ಹೋದಾಗ ಏನು ಕಳೆಯಿತು ಎಂದು ಕೇಳುವವರು, ತೆಗೆದುಹಾಕಿದ ಮಾತುಗಳನ್ನು ಲೆಕ್ಕ ಹಾಕುವ ಮೊದಲು ಆ ಗೋಡೆಗಳ ಗತಿ ಏನಾಯಿತೆಂದು ನೋಡುವುದು ಒಳ್ಳೆಯದು.

‘ದಿ ಗ್ಲಾಸ್ ಮೆನಾಜರಿ’ 1944ರ ಡಿಸೆಂಬರ್ 26ರಂದು ಶಿಕಾಗೋದಲ್ಲಿ ಮೊದಲು ಪ್ರದರ್ಶನಗೊಂಡು, 1945ರ ಮಾರ್ಚ್ 31ರಂದು ನ್ಯೂಯಾರ್ಕಿನ ಪ್ರಮುಖ ರಂಗಮಂದಿರಗಳ ತಾಣವಾದ ಬ್ರಾಡ್‌ವೇ ತಲುಪಿತು. ಸೇಂಟ್ ಲೂಯಿಸ್ ನಗರದ ಇಕ್ಕಟ್ಟಾದ ಬಾಡಿಗೆ ಮನೆಯೊಂದರಲ್ಲಿ ಗಂಡ ಬಿಟ್ಟುಹೋದ ಅಮಾಂಡಾ, ಕಾಲು ಕುಂಟುವ ಸಂಕೋಚದ ಮಗಳು ಲಾರಾ, ಬೂಟಿನ ಗೋದಾಮಿನಲ್ಲಿ ದುಡಿಯುತ್ತ ಕವಿತೆ ಬರೆಯುವ ಮಗ ಟಾಮ್. ಒಂದು ಸಂಜೆ ಊಟಕ್ಕೆ ಬರುವ ಅತಿಥಿ ಜಿಮ್. ನಡೆಯುವುದಿಷ್ಟೇ. ಇದೆಲ್ಲವೂ ಬಹಳ ಕಾಲದ ನಂತರ ಟಾಮ್‌ನ ನೆನಪಿನಲ್ಲಿ ನಡೆಯುತ್ತಿದೆ ಎಂಬುದೇ ನಾಟಕದ ನಿಜವಾದ ರಚನೆ. ನೆನಪಿನ ನಾಟಕವಾದ್ದರಿಂದ ಬೆಳಕು ಮಬ್ಬಾಗಿರುತ್ತದೆ, ಇದು ವಾಸ್ತವವಾದಿಯಲ್ಲ ಎಂದು ಟಾಮ್ ಆರಂಭದಲ್ಲೇ ಪ್ರೇಕ್ಷಕರಿಗೆ ಹೇಳಿಬಿಡುತ್ತಾನೆ. ಬೆಳಕಿನ ವಿನ್ಯಾಸವನ್ನು ಪಾತ್ರವೇ ಮೊದಲ ಮಾತಿನಲ್ಲಿ ಘೋಷಿಸುವ ನಾಟಕಗಳು ಎಷ್ಟಿವೆ?

ಈ ನಾಟಕದ ಮೂಲದಲ್ಲಿ ಸಿನಿಮಾ ಇದೆ ಎಂಬುದು ಅನೇಕರಿಗೆ ಅಚ್ಚರಿಯಾಗಬಹುದು. 1943ರಲ್ಲಿ ವಿಲಿಯಮ್ಸ್ ಎಂಜಿಎಂ ಸ್ಟುಡಿಯೋದಲ್ಲಿ ಸಂಬಳಕ್ಕೆ ಚಿತ್ರಕಥೆ ಬರೆಯುತ್ತಿದ್ದಾಗ ಇದೇ ವಸ್ತುವನ್ನು ‘ದಿ ಜಂಟಲ್‌ಮನ್ ಕಾಲರ್’ ಎಂಬ ಹೆಸರಿನಲ್ಲಿ ಮುಂದಿಟ್ಟಿದ್ದರು, ಸ್ಟುಡಿಯೋ ಒಪ್ಪಲಿಲ್ಲ. ಪ್ರಕಟಿತ ಪಠ್ಯದಲ್ಲಿ ರಂಗದ ಗೋಡೆಯ ಮೇಲೆ ಮೂಡಬೇಕಾದ ಚಿತ್ರಗಳ ಮತ್ತು ಬರಹಗಳ ಸೂಚನೆಗಳು ಉಳಿದುಕೊಂಡಿರುವುದು ಆ ನಂಟನ್ನು ನೆನಪಿಸುತ್ತದೆ. ಮೊದಲ ಪ್ರದರ್ಶನವನ್ನು ಮಾರ್ಗೋ ಜೋನ್ಸ್ ಅವರೊಂದಿಗೆ ನಿರ್ದೇಶಿಸಿ ಟಾಮ್ ಪಾತ್ರವನ್ನೂ ಮಾಡಿದ ಎಡ್ಡಿ ಡೌಲಿಂಗ್ ಈ ಪರದೆಯ ಸಾಧನವನ್ನು ಕೈಬಿಟ್ಟರು, ಅಮಾಂಡಾ ಆಗಿದ್ದ ಲಾರೆಟ್ ಟೇಲರ್ ಅವರ ಅಭಿನಯದ ಮುಂದೆ ಅದರ ಅಗತ್ಯ ಯಾರಿಗೂ ಕಾಣಲಿಲ್ಲ. ಈಗ ಪ್ರೊಜೆಕ್ಟರ್ ಎಲ್ಲರ ಕೈಗೂ ಸಿಗುವುದರಿಂದ ಆ ಸೂಚನೆಗಳನ್ನು ಮತ್ತೆ ಎತ್ತಿಕೊಳ್ಳುವ ಆಸೆ ನಿರ್ದೇಶಕರಿಗೆ ಸಹಜವಾಗಿಯೇ ಬರುತ್ತದೆ. ಡೌಲಿಂಗ್ ಅವರ ತೀರ್ಮಾನವೇ ಸರಿ ಎಂದು ನನಗನ್ನಿಸುತ್ತದೆ, ಏಕೆಂದರೆ ಆ ಬರಹಗಳು ಹೇಳುವುದನ್ನು ಬೆಳಕು ಆಗಲೇ ಹೇಳಿರುತ್ತದೆ.

ಹೇಗೆ ಹೇಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಾಟಕ ಶುರುವಾದಾಗ ಕಾಣುವುದು ಕಟ್ಟಡದ ಕಪ್ಪು ಹೊರಗೋಡೆ. ಅದು ನಿಧಾನವಾಗಿ ಪಾರದರ್ಶಕವಾಗಿ ಒಳಗಿನ ಕೋಣೆ ಕಾಣತೊಡಗುತ್ತದೆ, ಗೋಡೆ ಮೇಲೆದ್ದು ಮರೆಯಾಗುತ್ತದೆ, ಟಾಮ್‌ನ ಕೊನೆಯ ಮಾತಿನವರೆಗೆ ಮತ್ತೆ ಇಳಿಯುವುದಿಲ್ಲ. ರಂಗದಲ್ಲಿ ಇದನ್ನು ಸ್ಕ್ರಿಮ್ ಎಂಬ ಜಾಲರಿ ಬಟ್ಟೆಯಿಂದ ಮಾಡುತ್ತೇವೆ. ಬಟ್ಟೆಯ ಮುಂಭಾಗಕ್ಕೆ ಬೆಳಕು ಬಿದ್ದು ಹಿಂದೆ ಕತ್ತಲಿದ್ದರೆ ಅದು ಘನವಾದ ಗೋಡೆಯಾಗಿ ಕಾಣುತ್ತದೆ, ಅದರ ಮೇಲೆ ಬಳಿದ ಬಣ್ಣವೂ ಕಾಣುತ್ತದೆ. ಮುಂದಿನ ಬೆಳಕನ್ನು ಇಳಿಸುತ್ತ ಹಿಂದಿನದನ್ನು ಏರಿಸಿದರೆ ಬಟ್ಟೆ ಇಲ್ಲವಾಗಿ ಒಳಗಿನ ಮನುಷ್ಯರು ಕಾಣುತ್ತಾರೆ. ಗುಟ್ಟಿರುವುದು ಕೋನದಲ್ಲಿ. ಪ್ರೇಕ್ಷಾಗೃಹದ ಕಡೆಯಿಂದ ನೇರವಾಗಿ ಬೆಳಕು ಹಾಕಿದರೆ ಅದು ಜಾಲರಿಯ ರಂಧ್ರಗಳ ಮೂಲಕ ನುಗ್ಗಿ ಹಿಂದಿನ ಕುರ್ಚಿ ಮೇಜುಗಳನ್ನೆಲ್ಲ ಬೆಳಗಿ ಮೊದಲೇ ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದ ದೀಪಗಳನ್ನು ಬಟ್ಟೆಗೆ ತೀರ ಹತ್ತಿರ, ಮೇಲಿನಿಂದ ಅಥವಾ ಬದಿಯಿಂದ ಸವರುವಂತೆ ಕಟ್ಟಬೇಕು. ಇದನ್ನು ಬರಿಯ ಯಂತ್ರದ ಕೈಚಳಕ ಎಂದು ಎಣಿಸಿದರೆ ನಾಟಕ ಕೈತಪ್ಪುತ್ತದೆ. ಗೋಡೆ ಕರಗುವ ಆ ಕೆಲವು ಕ್ಷಣಗಳಲ್ಲೇ ಪ್ರೇಕ್ಷಕರು ವರ್ತಮಾನದಿಂದ ಟಾಮ್‌ನ ತಲೆಯೊಳಕ್ಕೆ ಪ್ರವೇಶಿಸುತ್ತಾರೆ.

ಇನ್ನೊಂದು ಸೂಚನೆ ಇದಕ್ಕಿಂತಲೂ ಸೂಕ್ಷ್ಮವಾದದ್ದು. ಬೆಳಕಿನ ಕೇಂದ್ರವು ಕೆಲವು ಸಲ ಘಟನೆಯ ಕೇಂದ್ರಕ್ಕೆ ವಿರುದ್ಧವಾಗಿರಬೇಕು ಎಂದು ವಿಲಿಯಮ್ಸ್ ಬರೆಯುತ್ತಾರೆ. ಟಾಮ್ ಮತ್ತು ಅಮಾಂಡಾ ಜಗಳವಾಡುತ್ತಿರುವಾಗ ಅತ್ಯಂತ ಸ್ಪಷ್ಟವಾದ ಬೆಳಕು ಬೀಳಬೇಕಾದದ್ದು ಮಾತೇ ಆಡದ ಲಾರಾಳ ಮೇಲೆ. ಆ ಬೆಳಕು ಹಳೆಯ ಧಾರ್ಮಿಕ ಚಿತ್ರಗಳಲ್ಲಿ ಸಂತ ಸ್ತ್ರೀಯರ ಮುಖದ ಮೇಲಿರುವಂತೆ ತಿಳಿಯಾಗಿರಬೇಕು. ಎಲ್ ಗ್ರೆಕೋನ ಚಿತ್ರಗಳ ಹೆಸರನ್ನೂ ಅವರು ಎತ್ತುತ್ತಾರೆ. ಮಾತಾಡುವವರ ಮುಖ ಕಾಣಲೇಬೇಕು ಎಂಬ ನಮ್ಮ ವೃತ್ತಿಯ ಮೊದಲ ಪಾಠಕ್ಕೆ ಇದು ತದ್ವಿರುದ್ಧ, ನಟರಿಗೂ ಇಷ್ಟವಾಗುವ ಮಾತಲ್ಲ. ಆದರೂ ಪಾಲಿಸಿ ನೋಡಿದರೆ ಜಗಳದ ಅರ್ಥವೇ ಬದಲಾಗುತ್ತದೆ: ಯಾರು ಗೆದ್ದರು ಎನ್ನುವುದು ಹಿಂದೆ ಸರಿದು, ಅದು ಯಾರನ್ನು ಸುಡುತ್ತಿದೆ ಎನ್ನುವುದು ಮುಂದೆ ಬರುತ್ತದೆ.

ಕೊನೆಯ ದೃಶ್ಯದ ಬೆಳಕಿಗೆ ಕಥೆಯಲ್ಲೇ ಕಾರಣವಿದೆ. ವಿದ್ಯುತ್ ಬಿಲ್ಲಿನ ಹಣದಲ್ಲಿ ಟಾಮ್ ಗುಟ್ಟಾಗಿ ನಾವಿಕರ ಸಂಘದ ಸದಸ್ಯತ್ವ ಪಡೆದಿದ್ದಾನೆ. ಅತಿಥಿಯ ಊಟ ಮುಗಿಯುವ ಹೊತ್ತಿಗೇ ದೀಪ ಹೋಗುತ್ತದೆ, ಮುಂದಿನದೆಲ್ಲ ಮೇಣದಬತ್ತಿಯಲ್ಲಿ. ಇಲ್ಲಿ ಇಂದಿನ ಉಪಕರಣಗಳ ತೊಂದರೆಯೊಂದನ್ನು ಹೇಳಲೇಬೇಕು. ಹಳೆಯ ಹ್ಯಾಲೊಜನ್ ದೀಪವನ್ನು ಡಿಮ್ಮರಿನಲ್ಲಿ ಇಳಿಸುತ್ತ ಹೋದಂತೆ ಅದರ ಸುಮಾರು 3200 ಕೆಲ್ವಿನ್ (ಬೆಳಕಿನ ಬಣ್ಣವನ್ನು ಅಳೆಯುವ ಮಾನ) ಬಣ್ಣ ಕೆಂಪಿನತ್ತ ವಾಲಿ ತಾನಾಗಿ ಜ್ವಾಲೆಗೆ ಹತ್ತಿರವಾಗುತ್ತಿತ್ತು. ಎಲ್ಇಡಿ ಇಳಿದಾಗ ಬೆಳಕು ಕಡಿಮೆಯಾಗುತ್ತದೆಯೇ ಹೊರತು ಬಣ್ಣ ಬದಲಾಗುವುದಿಲ್ಲ, ಅಗ್ಗದ ಉಪಕರಣವಾದರೆ ಕೊನೆಯ ಹಂತದಲ್ಲಿ ಮೆಟ್ಟಿಲಿಳಿದಂತೆ ಜಿಗಿಯುತ್ತದೆ. ನೆನಪಿನ ನಾಟಕಕ್ಕೆ ಆ ಜಿಗಿತದಷ್ಟು ಹಾನಿಕರವಾದದ್ದು ಮತ್ತೊಂದಿಲ್ಲ. ಕೆಲವು ಹ್ಯಾಲೊಜನ್ ದೀಪಗಳನ್ನಾದರೂ ಈ ದೃಶ್ಯಕ್ಕೆಂದು ಉಳಿಸಿಕೊಳ್ಳಿ ಎಂದು ತಂಡಗಳಿಗೆ ಹೇಳುವುದು ನನ್ನ ರೂಢಿ.

ಇನ್ನು ಸಿನಿಮಾ. 1950ರಲ್ಲಿ ಅರ್ವಿಂಗ್ ರ‍್ಯಾಪರ್ ನಿರ್ದೇಶಿಸಿದ ಮೊದಲ ಚಿತ್ರರೂಪ ಕೊನೆಯಲ್ಲಿ ಲಾರಾಳಿಗೆ ಮತ್ತೊಬ್ಬ ಅತಿಥಿಯ ಭರವಸೆ ಕೊಟ್ಟು ನೋವನ್ನು ತೊಳೆದುಬಿಟ್ಟಿತು. ಇದನ್ನು ಎಲ್ಲರೂ ದೂರುತ್ತಾರೆ, ದೂರಬೇಕಾದದ್ದೇ. ಆದರೆ ಅಂತ್ಯವನ್ನು ಮುಟ್ಟದೆ, ಮಾತುಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡ ಪಾಲ್ ನ್ಯೂಮನ್ ಅವರ 1987ರ ಚಿತ್ರ ನೋಡುವಾಗಲೂ ಏನೋ ಕಡಿಮೆಯಾದಂತೆ ಅನ್ನಿಸುವುದೇಕೆ? ಜೋನ್ ವುಡ್‌ವರ್ಡ್, ಜಾನ್ ಮಾಲ್ಕೊವಿಚ್ ಇಬ್ಬರೂ ಸಣ್ಣ ನಟರಲ್ಲ. ನನ್ನ ಉತ್ತರ ಸರಳ: ಕ್ಯಾಮೆರಾ ಮಾತಾಡುವವರ ಮುಖಕ್ಕೆ ಹೋಗುತ್ತದೆ. ನಾಟಕದಲ್ಲಿ ಜಗಳದುದ್ದಕ್ಕೂ ಕಣ್ಣಿನ ಅಂಚಿನಲ್ಲಿ ಉಳಿಯುವ ಲಾರಾ ಚಿತ್ರದಲ್ಲಿ ಒಂದು ಶಾಟ್ ಆಗಿ ಬಂದು ಹೋಗುತ್ತಾಳೆ.

ನಮ್ಮ ನೆರೆಯ ಮಲಯಾಳದಲ್ಲಿ ಶ್ಯಾಮಪ್ರಸಾದ್ ಇದೇ ನಾಟಕವನ್ನು 2004ರಲ್ಲಿ ‘ಅಕಲೆ’ ಎಂಬ ಚಿತ್ರವಾಗಿಸಿದರು. ಕೇರಳದ ಆಂಗ್ಲೋ-ಇಂಡಿಯನ್ ಕುಟುಂಬವೊಂದಕ್ಕೆ ಕಥೆಯನ್ನು ತಂದದ್ದು ಜಾಣ ಆಯ್ಕೆ, ಏಕೆಂದರೆ ಅಮಾಂಡಾಳ ಕಳೆದುಹೋದ ಅಮೆರಿಕದ ದಕ್ಷಿಣದ ವೈಭವಕ್ಕೆ ಸಮನಾದ ಒಂದು ಹಿಂದಿನ ಕಾಲದ ಹಂಬಲ ಆ ಸಮುದಾಯದ ಕಥೆಯೊಳಗೆ ತಾನಾಗಿಯೇ ಸಿಗುತ್ತದೆ. ಪೃಥ್ವಿರಾಜ್ ಮಗನಾಗಿ, ಗೀತು ಮೋಹನ್‌ದಾಸ್ ಮಗಳಾಗಿ ನಟಿಸಿದ ಈ ಚಿತ್ರದಲ್ಲಿ ತಾಯಿಯ ಪಾತ್ರಕ್ಕಾಗಿ ಶೀಲಾ ಅವರಿಗೆ ಪೋಷಕ ನಟಿ ರಾಷ್ಟ್ರಪ್ರಶಸ್ತಿ ಬಂತು.

‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ಗೆ ಬಂದರೆ ಬೆಳಕು ಕಥೆಯ ಒಳಗೇ ಒಂದು ವಸ್ತುವಾಗಿಬಿಟ್ಟಿದೆ. 1947ರ ಡಿಸೆಂಬರ್ 3ರಂದು ನ್ಯೂಯಾರ್ಕಿನಲ್ಲಿ ಎಲಿಯಾ ಕಜಾನ್ ಅವರ ನಿರ್ದೇಶನದಲ್ಲಿ, ಜೆಸಿಕಾ ಟ್ಯಾಂಡಿ ಮತ್ತು ಮಾರ್ಲನ್ ಬ್ರಾಂಡೋ ಅವರೊಂದಿಗೆ ತೆರೆಕಂಡ ಈ ನಾಟಕದಲ್ಲಿ, ತಂಗಿ ಸ್ಟೆಲ್ಲಾಳ ಮನೆಗೆ ಬಂದಿಳಿದ ಬ್ಲಾಂಚ್ ಬರಿ ಬಲ್ಬಿನ ಬೆಳಕನ್ನು ಸಹಿಸಲಾರಳು; ಕಾಗದದ ಗೂಡುದೀಪವೊಂದನ್ನು ತಂದು, ತನ್ನನ್ನು ಮೆಚ್ಚಿದ ಮಿಚ್‌ನಿಂದ ಅದಕ್ಕೆ ಹಾಕಿಸುತ್ತಾಳೆ. ಗಂಡ ಅಲನ್‌ನ ಗುಟ್ಟು ತಿಳಿದು, ಅವನು ಗುಂಡು ಹಾರಿಸಿಕೊಂಡ ಮೇಲೆ ತನ್ನ ಬದುಕಿನಲ್ಲಿ ಮೇಣದಬತ್ತಿಗಿಂತ ಪ್ರಬಲವಾದ ಬೆಳಕು ಬೆಳಗಿಲ್ಲ ಎಂದು ಹೇಳುವವಳೂ ಇವಳೇ. ಹಾಗಾಗಿ ಒಂಬತ್ತನೇ ದೃಶ್ಯದಲ್ಲಿ ಮಿಚ್ ಆ ಕಾಗದವನ್ನು ಹರಿದು, ದೀಪ ಹಚ್ಚಿ, ಅವಳ ಮುಖ ನೋಡಿ, ಮತ್ತೆ ಆರಿಸುವುದು ಹಲ್ಲೆಗೆ ಸಮಾನ. ಕೊನೆಯಲ್ಲಿ ತಂಗಿಯ ಗಂಡ ಸ್ಟ್ಯಾನ್ಲಿ ಅದೇ ಗೂಡುದೀಪವನ್ನು ಕಿತ್ತು, ಇದನ್ನೂ ತೆಗೆದುಕೊಂಡು ಹೋಗುತ್ತೀಯಾ ಎಂಬಂತೆ ಅವಳತ್ತ ಚಾಚುತ್ತಾನೆ.

ವಿನ್ಯಾಸಕರಿಗೆ ಇಲ್ಲಿನ ಕಷ್ಟ ಬೇರೆ ಬಗೆಯದು. ಗೂಡಿನೊಳಗಿನ ಸಣ್ಣ ಬಲ್ಬು ಕೋಣೆಯನ್ನು ಬೆಳಗುವಷ್ಟು ಪ್ರಖರವಾಗಿದ್ದರೆ ಅದರ ಹಿಂದಿರುವ ನಟರು ಕಾಣದಷ್ಟು ಪ್ರೇಕ್ಷಕರ ಕಣ್ಣು ಕುಕ್ಕುತ್ತದೆ. ಮಂದವಾಗಿಟ್ಟರೆ ನಟರ ಮುಖ ಕತ್ತಲಾಗುತ್ತದೆ. ಆದ್ದರಿಂದ ಬಲ್ಬು ಕೇವಲ ಬೆಳಕಿನ ಮೂಲದಂತೆ ಕಾಣುತ್ತಿದ್ದು, ನಿಜವಾದ ಬೆಳಕು ಅದರ ನೇರ ಮೇಲಿನಿಂದ, ಮೃದು ಅಂಚಿನ ರಂಗದೀಪಗಳಾದ ಒಂದೆರಡು ಫ್ರೆನೆಲ್‌ಗಳಲ್ಲಿ ಬರಬೇಕು. ಕಾಗದ ಇರುವಾಗ ಅವುಗಳಿಗೆ ಮೃದುವಾದ ಬಣ್ಣ, ಹರಿದ ಕೂಡಲೇ ಬಣ್ಣವಿಲ್ಲದ ಕಟುವಾದ ಬೆಳಕು. ಮಿಚ್‌ನ ಕೈ ಸ್ವಿಚ್ಚಿಗೂ, ಬೆಳಕಿನ ನಿಯಂತ್ರಣ ಬೋರ್ಡಿನ ಮುಂದೆ ಕುಳಿತವರ ಬೆರಳು ಬೆಳಕು ಬದಲಿಸುವ ಕ್ಯೂ ಗುಂಡಿಗೂ ತಲುಪುವ ಗಳಿಗೆ ಒಂದೇ ಆಗಬೇಕು. ಅರೆಕ್ಷಣ ತಡವಾದರೂ ಪ್ರೇಕ್ಷಾಗೃಹದಲ್ಲಿ ನಗು ಏಳುತ್ತದೆ, ಅಲ್ಲಿ ಏಳುವ ನಗು ಆ ಸಂಜೆಯನ್ನೇ ಮುಗಿಸಿಬಿಡುತ್ತದೆ.

ರಂಗವಿನ್ಯಾಸಕ ಜೋ ಮಿಯೆಲ್ಜಿನರ್ ‘ಮೆನಾಜರಿ’ಯ ಪಾರದರ್ಶಕ ಗೋಡೆಯನ್ನು ಇಲ್ಲಿಯೂ ಮುಂದುವರಿಸಿದರು. ಹತ್ತನೇ ದೃಶ್ಯದಲ್ಲಿ, ಸ್ಟ್ಯಾನ್ಲಿ ಬ್ಲಾಂಚ್‌ಳ ಮೇಲೆ ಎರಗುವ ಮೊದಲು, ಮನೆಯ ಹಿಂಗೋಡೆ ಕರಗಿ ಬೀದಿಯ ಹೊಡೆದಾಟ ಕಾಣುತ್ತದೆ, ಗೋಡೆಯ ಮೇಲೆ ವಿಕಾರ ನೆರಳುಗಳು ಕುಣಿಯುತ್ತವೆ. ಒಳಗಿನ ಹಿಂಸೆಗೂ ಹೊರಗಿನ ಹಿಂಸೆಗೂ ನಡುವೆ ಗೋಡೆ ಇಲ್ಲ ಎಂಬುದನ್ನು ಒಂದೂ ಮಾತಿಲ್ಲದೆ ತೋರಿಸುವ ಕ್ರಮ ಇದು.

1951ರ ಚಿತ್ರವನ್ನೂ ಕಜಾನ್ ಅವರೇ ನಿರ್ದೇಶಿಸಿದರು. ಟ್ಯಾಂಡಿ ಅವರ ಬದಲು, ಲಂಡನ್ನಿನಲ್ಲಿ ಬ್ಲಾಂಚ್ ಆಗಿದ್ದ ವಿವಿಯನ್ ಲೀ ಬಂದರು. ಅಲನ್‌ನ ಸಲಿಂಗಕಾಮದ ಪ್ರಸ್ತಾಪ ಹಾರಿಹೋಯಿತು. ನಾಟಕದಲ್ಲಿ ಗಂಡನ ತೋಳಿನಲ್ಲಿ ಬಿಕ್ಕುವ ಸ್ಟೆಲ್ಲಾ ಚಿತ್ರದಲ್ಲಿ ಮಗುವನ್ನೆತ್ತಿಕೊಂಡು ಇನ್ನು ಒಳಗೆ ಹೋಗುವುದಿಲ್ಲ ಎನ್ನುತ್ತಾಳೆ. ಕ್ಯಾಥೊಲಿಕ್ ಸಂಘಟನೆಯಾದ ಲೀಜನ್ ಆಫ್ ಡೀಸೆನ್ಸಿಯ ಒತ್ತಡದಲ್ಲಿ ಸ್ಟುಡಿಯೋ ನಿರ್ದೇಶಕರನ್ನು ಕೇಳದೆ ಕತ್ತರಿಸಿದ ಕೆಲವು ನಿಮಿಷಗಳು 1993ರಲ್ಲಷ್ಟೇ ಮರಳಿ ಸೇರಿದವು. ಇಷ್ಟೆಲ್ಲ ಆದರೂ ವಿಲಿಯಮ್ಸ್ ನಾಟಕಗಳ ಚಿತ್ರರೂಪಗಳಲ್ಲಿ ನಾನು ಇದನ್ನೇ ಮೊದಲು ಇಡುತ್ತೇನೆ. ಗೋಡೆ ಕರಗಿಸುವುದು ಸಿನಿಮಾದಲ್ಲಿ ಅಗ್ಗದ ತಂತ್ರವಾಗಿ ಕಾಣುತ್ತದೆ ಎಂದು ಅರಿತ ಕಜಾನ್ ಮತ್ತು ಕಲಾನಿರ್ದೇಶಕ ರಿಚರ್ಡ್ ಡೇ ಅದಕ್ಕೆ ಪ್ರತಿಯಾದ ಒಂದು ಉಪಾಯ ಹುಡುಕಿದರು: ಚಿತ್ರ ಮುಂದುವರಿದಂತೆ ಸೆಟ್ಟಿನ ಗೋಡೆಗಳನ್ನು ಒಳಕ್ಕೆ ಸರಿಸುತ್ತ, ಬ್ಲಾಂಚ್‌ಳ ಕೋಣೆಯನ್ನು ಕಿರಿದಾಗಿಸುತ್ತ ಹೋದರು. ನೋಡುವವರು ಅದನ್ನು ಗುರುತಿಸುವುದಿಲ್ಲ, ಉಸಿರು ಕಟ್ಟಿದಂತಾಗುವುದನ್ನು ಮಾತ್ರ ಅನುಭವಿಸುತ್ತಾರೆ. ನಾಟಕದ ಸೂಚನೆಯನ್ನು ನಕಲು ಮಾಡದೆ ಅದರ ಕೆಲಸವನ್ನು ಇನ್ನೊಂದು ಬಗೆಯಲ್ಲಿ ಮಾಡಿಸುವುದು ಇದೇ.

‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’ನ ಚಿತ್ರರೂಪದಲ್ಲಿ ಅಂಥ ಹುಡುಕಾಟ ಕಾಣುವುದಿಲ್ಲ. 1955ರ ಈ ನಾಟಕದ ವಿನ್ಯಾಸಕರಿಗಾಗಿ ಬರೆದ ಟಿಪ್ಪಣಿಯಲ್ಲಿ ಗೋಡೆಗಳು ಮೇಲೆ ಗಾಳಿಯಲ್ಲಿ ಕರಗಿ, ಕೋಣೆಗೆ ಆಕಾಶವೇ ಚಾವಣಿಯಾಗಬೇಕು ಎಂದಿದೆ. ಆಸ್ತಿ, ಕ್ಯಾನ್ಸರ್, ಸುಳ್ಳುಗಳ ನಡುವೆ ಗುದ್ದಾಡುವ ಕುಟುಂಬದ ಮೇಲೆ ನಕ್ಷತ್ರಗಳಿವೆ. ಮೂರನೇ ಅಂಕವನ್ನು ಕಜಾನ್ ಅವರ ಒತ್ತಾಯಕ್ಕೆ ತಿದ್ದಿ, ಮುದ್ರಿಸುವಾಗ ಎರಡೂ ರೂಪಗಳನ್ನು ಒಟ್ಟಿಗೆ ಕೊಟ್ಟ ವಿಲಿಯಮ್ಸ್ ಅವರ ಛಲ ಪ್ರಸಿದ್ಧ. ರಿಚರ್ಡ್ ಬ್ರೂಕ್ಸ್ ಅವರ 1958ರ ಚಿತ್ರ ಮನೆಯ ಮಗ ಬ್ರಿಕ್ ಮತ್ತು ತೀರಿಕೊಂಡ ಗೆಳೆಯ ಸ್ಕಿಪ್ಪರ್ ನಡುವಿನ ಸಂಬಂಧವನ್ನು ಮಸುಕುಗೊಳಿಸಿತು, ಜೊತೆಗೆ ಮನೆಗೆ ಗಟ್ಟಿ ಚಾವಣಿಯನ್ನೂ ಹೊದಿಸಿತು. ತಂದೆ ಮಗನ ಸಂಧಾನ ನಡೆಯುವುದು ನೆಲಮಾಳಿಗೆಯಲ್ಲಿ. ನಟರ ತೇಜಸ್ಸಿನಿಂದ ಚಿತ್ರ ನಿಲ್ಲುತ್ತದೆ, ನಾಟಕ ಅಲ್ಲಿಲ್ಲ.

ಇತ್ತೀಚಿನ ರಂಗಪ್ರಯೋಗಗಳು ಸಿನಿಮಾಕ್ಕಿಂತ ಧೈರ್ಯವಾಗಿವೆ. ಜಾನ್ ಟಿಫನಿ ನಿರ್ದೇಶಿಸಿ 2013ರಲ್ಲಿ ಬ್ರಾಡ್‌ವೇಗೆ ಬಂದ ‘ಮೆನಾಜರಿ’ಗೆ ಬಾಬ್ ಕ್ರೌಲಿ ಗೋಡೆಯನ್ನೇ ಕಟ್ಟಲಿಲ್ಲ, ಕಪ್ಪು ದ್ರವದ ಮೇಲೆ ಕೋಣೆಗಳನ್ನು ತೇಲಿಸಿದರು. ನತಾಶಾ ಕಾಟ್ಜ್ ಆ ಬೆಳಕಿಗಾಗಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದರು. 2014ರಲ್ಲಿ ಬೆನೆಡಿಕ್ಟ್ ಆಂಡ್ರ್ಯೂಸ್ ಲಂಡನ್ನಿನ ಯಂಗ್ ವಿಕ್‌ನಲ್ಲಿ ‘ಸ್ಟ್ರೀಟ್‌ಕಾರ್’ ಮನೆಯನ್ನು ಪ್ರೇಕ್ಷಕರ ನಡುವೆ ತಿರುಗಿಸಿದರು, ಹಾಗಾಗಿ ಬ್ಲಾಂಚ್‌ಗೆ ಅಡಗಲು ಒಂದು ಮೂಲೆಯೂ ಉಳಿಯಲಿಲ್ಲ.

ಇವುಗಳನ್ನು ಕನ್ನಡದಲ್ಲಿ ಆಡಬಯಸುವ ತಂಡಗಳಿಗೆ ಎರಡು ವ್ಯಾವಹಾರಿಕ ಮಾತು. ಬೆಂಗಳೂರಿನ ರಂಗಶಂಕರದಂತೆ ಮೂರು ಕಡೆ ಪ್ರೇಕ್ಷಕರಿರುವ ರಂಗದಲ್ಲಿ ಸ್ಕ್ರಿಮ್ ಕೆಲಸ ಮಾಡುವುದು ಕಷ್ಟ, ಬದಿಯಲ್ಲಿ ಕುಳಿತವರಿಗೆ ಬಟ್ಟೆಯ ಹಿಂಬದಿ ಮೊದಲೇ ಕಾಣುತ್ತದೆ. ಅಲ್ಲಿ ಗೋಡೆಯನ್ನು ನೆಲದ ಮೇಲಿನ ಬೆಳಕಿನ ಗಡಿಯಾಗಿ ಎಳೆದು ಅಳಿಸುವುದು ಮೇಲು. ಮತ್ತೊಂದು, ವಿಲಿಯಮ್ಸ್ ತೀರಿಕೊಂಡದ್ದು 1983ರಲ್ಲಿ. ನಮ್ಮ ಕಾನೂನಿನಂತೆ ಲೇಖಕರ ಮರಣದ ನಂತರ 60 ವರ್ಷ ಕೃತಿಸ್ವಾಮ್ಯ ಇರುವುದರಿಂದ 2043ರ ಕೊನೆಯವರೆಗೆ ಅನುವಾದಕ್ಕೂ ಪ್ರದರ್ಶನಕ್ಕೂ ಅನುಮತಿ ಬೇಕು. ಆ ಹಕ್ಕುಗಳನ್ನು ಅವರು ಟೆನ್ನೆಸ್ಸೀ ರಾಜ್ಯದ ಸೆವಾನಿಯಲ್ಲಿರುವ ಯೂನಿವರ್ಸಿಟಿ ಆಫ್ ದಿ ಸೌತ್‌ಗೆ ಬಿಟ್ಟುಹೋದರು. ಪತ್ರ ಬರೆಯುವಾಗ ಕಥೆಯನ್ನು ಯಾವ ಊರಿಗೆ, ಯಾವ ಕಾಲಕ್ಕೆ ಒಯ್ಯುತ್ತೀರಿ ಎಂಬುದನ್ನೂ, ಅಂತ್ಯ ಬದಲಾಗುವುದಿದ್ದರೆ ಅದನ್ನೂ ಮೊದಲೇ ತಿಳಿಸಿಬಿಡಿ. ತಾಲೀಮು ಅರ್ಧ ದಾರಿಗೆ ಬಂದ ಮೇಲೆ ಕೇಳುವ ಅನುಮತಿ ಎರಡೂ ಕಡೆಯವರಿಗೆ ತಲೆನೋವು.