ಲಿಫ್ಟ್ ನಿಧಾನವೋ, ಬಲವೇ ಇಲ್ಲವೋ? ಮಿನಿ ಟ್ರಾಕ್ಟರಿನ ಹೈಡ್ರಾಲಿಕ್ ದೋಷ ಹುಡುಕುವ ಟಿಪ್ಪಣಿ

ಕೋಲಾರದ ಕಡೆ ಕೆರೆ ಗೋಡು ಹೊಡೆಯುವ ಬೇಸಿಗೆಯಲ್ಲಿ ಆಗಲಿ, ಟೊಮೆಟೊಗೆ ಬೆಡ್ ಮಾಡುವ ದಿನಗಳಲ್ಲಿ ಆಗಲಿ, ವರ್ಕ್‌ಶಾಪಿಗೆ ಬರುವ ದೂರು ಒಂದೇ: “ಲಿಫ್ಟು ಏಳ್ತಾ ಇಲ್ಲ.” ಲಿಫ್ಟ್ ಎಂದರೆ ಎಣ್ಣೆಯ ಒತ್ತಡದಿಂದ ಹಿಂದಿನ ಉಪಕರಣವನ್ನು ಎತ್ತುವ ಭಾಗ. ಈ ಒಂದು ಮಾತಿನೊಳಗೆ ಎರಡು ಕಾಯಿಲೆಗಳಿವೆ. ಭಾರ ಎತ್ತುತ್ತದೆ, ಆದರೆ ತಡವಾಗಿ: ಇದು ಹರಿವಿನ ಕೊರತೆ. ಖಾಲಿ ಇದ್ದಾಗ ಚಟ್ಟನೆ ಏಳುತ್ತದೆ, ಭಾರ ಬಿದ್ದರೆ ಅರ್ಧಕ್ಕೆ ನಿಲ್ಲುತ್ತದೆ: ಇದು ಒತ್ತಡದ ಕೊರತೆ. ಸ್ಪ್ಯಾನರ್ ಹಿಡಿಯುವ ಮುಂಚೆ ಯಾವುದು ಎಂದು ಗಾಡಿಯ ಮಾಲೀಕರನ್ನೇ ಕೇಳಿ. (ರೋಟವೇಟರ್ ಸರಿಯಾಗಿ ತಿರುಗುತ್ತಿಲ್ಲ ಎನ್ನುವುದನ್ನೂ ಕೆಲವರು ಹೈಡ್ರಾಲಿಕ್ ಖಾತೆಗೆ ಬರೆಯುತ್ತಾರೆ. ಅದು ಪಿಟಿಒ (ಎಂಜಿನ್ ತಿರುಗುವಿಕೆಯನ್ನು ಉಪಕರಣಕ್ಕೆ ಕೊಡುವ ಶಾಫ್ಟ್), ಕ್ಲಚ್ಚಿನ ಕಥೆ. ಇಲ್ಲಿ ಸೇರುವುದಿಲ್ಲ.)

ಲೆಕ್ಕ ಹಾಕಿದರೆ ವ್ಯತ್ಯಾಸ ಮನಸ್ಸಿನಲ್ಲಿ ನಿಲ್ಲುತ್ತದೆ. 50 ಮಿ.ಮೀ. ಒಳವ್ಯಾಸದ ಜಾಕ್‌ನ (ಎಣ್ಣೆಯ ಒತ್ತಡಕ್ಕೆ ರಾಡ್ ತಳ್ಳುವ ಸಿಲಿಂಡರ್) ಪಿಸ್ಟನ್ ವಿಸ್ತೀರ್ಣ 19.6 ಚದರ ಸೆಂ.ಮೀ. 150 ಬಾರ್ ಒತ್ತಡದಲ್ಲಿ ಅದು ಸುಮಾರು 3,000 ಕೆ.ಜಿ. ಬಲದಿಂದ ತಳ್ಳುತ್ತದೆ, 100 ಬಾರ್‌ಗೆ ಇಳಿದರೆ 2,000 ಕೆ.ಜಿ. ಮಾತ್ರ. ವೇಗಕ್ಕೂ ಈ ಅಂಕಿಗೂ ಸಂಬಂಧವಿಲ್ಲ. ವೇಗ ಬೇಕಾದರೆ ಪಂಪು ನೋಡಿ: ಒಂದು ಸುತ್ತಿಗೆ 10 ಸಿ.ಸಿ. ಎಣ್ಣೆ ತಳ್ಳುವ ಗೇರ್ ಪಂಪು ನಿಮಿಷಕ್ಕೆ 2,000 ಸುತ್ತಿನಲ್ಲಿ ನಿಮಿಷಕ್ಕೆ 20 ಲೀಟರ್ ಕೊಡುತ್ತದೆ, 1,000 ಸುತ್ತಿನಲ್ಲಿ 10 ಲೀಟರ್.

ಬಿಚ್ಚುವ ಮುಂಚೆ

ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಲಿಫ್ಟ್ ಪೂರ್ತಿ ಇಳಿಸಿ, ಎಂಜಿನ್ ಆರಿಸಿ, ಆಮೇಲೆ ಅಳತೆ ಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡಿ. ಹೆಚ್ಚಿನ ಮಿನಿ ಟ್ರಾಕ್ಟರುಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆಯೇ ಹೈಡ್ರಾಲಿಕ್ಕಿಗೂ ಹೋಗುತ್ತದೆ. ಟ್ರಾಲಿಯ ಜಾಕ್ ಎದ್ದು ನಿಂತಾಗ ಲೀಟರುಗಟ್ಟಲೆ ಎಣ್ಣೆ ಅದರ ಹೊಟ್ಟೆಯಲ್ಲಿರುತ್ತದೆ. ಟ್ರಾಲಿ ಇಲ್ಲದೆ ಮಟ್ಟ ಸರಿಯಿದ್ದ ಗಾಡಿ, ಟ್ರಾಲಿ ಎತ್ತುವಾಗ ಗಾಳಿ ಹೀರುವುದು ಇದಕ್ಕೇ. ಎಣ್ಣೆ ಹಾಲು ಬೆರೆಸಿದ ಹಾಗಿದ್ದರೆ ನೀರು ಸೇರಿದೆ. ಕೆರೆ ಅಚ್ಚುಕಟ್ಟಿನ ಗದ್ದೆಯಲ್ಲಿ ಕೆಸರು ಉಳುಮೆ ಮಾಡಿದ ಗಾಡಿಯಾದರೆ ಆಕ್ಸಲ್ ಸೀಲ್ ಮತ್ತು ಬ್ರೀದರ್ (ಗಾಳಿಯಾಡುವ ಕಿಂಡಿ) ನೋಡಿ. ನೊರೆ ಇದ್ದರೆ ಗಾಳಿ.

ಮುಂದೆ ಲಿವರುಗಳು. ಡ್ರಾಫ್ಟ್ ಲಿವರ್ (ಎಳೆತಕ್ಕೆ ತಕ್ಕಂತೆ ಉಪಕರಣದ ಆಳ ಹೊಂದಿಸುವುದು) ಎಲ್ಲೋ ಮಧ್ಯದಲ್ಲಿದ್ದು, ಪೊಸಿಷನ್ ಲಿವರ್ (ಲಿಫ್ಟಿನ ಎತ್ತರ ಹೊಂದಿಸುವುದು) ಎಷ್ಟು ಎಳೆದರೂ ಲಿಫ್ಟ್ ಪೂರ್ತಿ ಏಳದಿರುವುದು ಬಹಳ ಸಲ ನಡೆಯುತ್ತದೆ. ಟ್ರಾಲಿಗೆ ಎಣ್ಣೆ ತಿರುಗಿಸುವ ವಾಲ್ವ್ ಅರೆಬರೆ ತಿರುಗಿದ್ದರೂ ಹಾಗೇ. ಪೈಪು ಸೇರಿಸುವ ಕ್ವಿಕ್ ಕಪ್ಲಿಂಗ್ ಪೂರ್ತಿ ಕೂತಿಲ್ಲದಿದ್ದರೆ ಒಳಗಿನ ಗುಂಡು ಅರ್ಧ ಮಾತ್ರ ತೆರೆಯುತ್ತದೆ. ನಮ್ಮ ಕೆಂಪು ಮಣ್ಣಿನ ಧೂಳು ಮುಚ್ಚಳವಿಲ್ಲದ ಕಪ್ಲಿಂಗಿನಲ್ಲಿ ಗಟ್ಟಿಕಟ್ಟಿ ಇದೇ ಕೆಲಸ ಮಾಡುತ್ತದೆ. ಭಾರವನ್ನೂ ಅನುಮಾನಿಸಿ: ಒಂದು ಘನ ಮೀಟರ್ ಹಸಿ ಗೋಡು ಒಂದೂವರೆ ಟನ್ ದಾಟುತ್ತದೆ.

ಎಂಜಿನ್ ಸುತ್ತು ಬದಲಿಸಿ ನೋಡುವುದು

ಪರೀಕ್ಷೆಗಳಲ್ಲೆಲ್ಲ ಇದಕ್ಕೆ ಮೊದಲ ಮಣೆ ಹಾಕಬೇಕು, ಏಕೆಂದರೆ ಇದಕ್ಕೆ ಖರ್ಚಿಲ್ಲ. ಅದೇ ಭಾರವನ್ನು ಮೊದಲು 1,000 ಸುತ್ತಿನಲ್ಲಿ, ಆಮೇಲೆ 2,000 ಸುತ್ತಿನಲ್ಲಿ ಎತ್ತಿ.

ಸುತ್ತು ಏರಿದಂತೆ ಬಲವೂ ಏರಿದರೆ ಒಳಸೋರಿಕೆ. ಸವೆದ ಪಂಪಿನ ಸಂದಿಯಲ್ಲಿ ನಿಮಿಷಕ್ಕೆ 4 ಲೀಟರ್ ಹಿಂದಕ್ಕೆ ಜಾರುತ್ತಿದೆ ಎಂದುಕೊಳ್ಳಿ. 20 ಲೀಟರಿನಲ್ಲಿ 4 ಹೋದರೆ ಐದನೇ ಒಂದು ಪಾಲು ನಷ್ಟ, 10ರಲ್ಲಿ 4 ಹೋದರೆ ಐದರಲ್ಲಿ ಎರಡು ಪಾಲು. ಭಾರ ಹೆಚ್ಚಿದಷ್ಟೂ ಜಾರುವುದೂ ಹೆಚ್ಚುತ್ತದೆ. ಪಂಪು ಕೊಟ್ಟದ್ದೆಲ್ಲ ಸಂದಿಯಲ್ಲೇ ವಾಪಸಾಗುವ ಹಂತದಲ್ಲಿ ಲಿಫ್ಟ್ ನಿಲ್ಲುತ್ತದೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಸುಸ್ತು ಎನ್ನುವ ಗಾಡಿಯೂ ಇದೇ ಗುಂಪಿಗೆ ಸೇರುತ್ತದೆ: ಬಿಸಿಗೆ ಎಣ್ಣೆ ತೆಳುವಾಗಿ ಸಂದಿಯಲ್ಲಿ ಸುಲಭವಾಗಿ ನುಸುಳುತ್ತದೆ.

ಸುತ್ತು ಏರಿಸಿದರೆ ಪಂಪು ಕುಯ್ಯೋ ಎಂದು ಕಿರುಚಿ, ಲಿಫ್ಟ್ ತಡವರಿಸಿದರೆ ಅದು ಹೀರುವ ಕಡೆಯ ತಡೆ. ಸಕ್ಷನ್ ಸ್ಟ್ರೈನರ್ (ಪಂಪಿಗೆ ಹೋಗುವ ಎಣ್ಣೆಯ ಜರಡಿ) ಕಟ್ಟಿದೆ, ಇಲ್ಲವೇ ಸಕ್ಷನ್ ಪೈಪಿನ ಓರಿಂಗ್ (ರಬ್ಬರ್ ಬಳೆ) ಗಾಳಿ ಎಳೆಯುತ್ತಿದೆ. ಇದು ಎಣ್ಣೆ ತಣ್ಣಗೆ ದಪ್ಪವಾಗಿರುವ ಬೆಳಗಿನ ಹೊತ್ತಿನಲ್ಲೇ ಜಾಸ್ತಿ, ಸೋರಿಕೆಗೆ ಸರಿಯಾಗಿ ವಿರುದ್ಧ.

ಎರಡು ಸುತ್ತಿನಲ್ಲೂ ಒಂದೇ ಭಾರಕ್ಕೆ ನಿಂತು, ಸುಯ್ ಎಂಬ ಸದ್ದು ಬಂದರೆ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ವಾಪಸು ಬಿಡುವುದು) ಬೇಗ ತೆರೆಯುತ್ತಿದೆ. ಭಾರ ಮಿತಿ ಮೀರಿದ್ದರೂ ಹೀಗೇ ಆಗುತ್ತದೆ, ಆದ್ದರಿಂದ ಒತ್ತಡ ಅಳೆಯುವ ಗೇಜ್ ಬೇಕು.

ಗೇಜ್ ಏನು ಹೇಳುತ್ತದೆ

0–250 ಬಾರ್ ಗೇಜನ್ನು ಹೊರಗಿನ ಕಪ್ಲಿಂಗಿಗೆ ಹಾಕಿ. ಎಣ್ಣೆ ಕೆಲಸದ ಬಿಸಿಗೆ ಬಂದಿರಲಿ. ಲಿವರನ್ನು 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ರಿಲೀಫಿನಲ್ಲಿ ಹರಿಯುವ ಎಣ್ಣೆ ಬೇಗ ಕಾಯುತ್ತದೆ. ಬರಬೇಕಾದ ಅಂಕಿ ಆಯಾ ಗಾಡಿಯ ಪುಸ್ತಕದಲ್ಲಿರುತ್ತದೆ. ಅಂದಾಜಿನಲ್ಲಿ ಹೋಗಬೇಡಿ.

ಎರಡೂ ಸುತ್ತಿನಲ್ಲಿ ಪೂರ್ತಿ ಒತ್ತಡ ಬಂದರೆ ಬಲದ ಕೊರತೆಗೆ ಪಂಪು ಕಾರಣವಲ್ಲ. ದೋಷ ಗೇಜಿನಿಂದ ಆಚೆ, ಪೈಪಿನಲ್ಲೋ ಜಾಕಿನಲ್ಲೋ ಇದೆ, ಇಲ್ಲವೇ ಭಾರವೇ ಮಿತಿ ಮೀರಿದೆ. 1,000ದಲ್ಲೂ 2,000ದಲ್ಲೂ 90 ಬಾರ್‌ಗೇ ನಿಂತರೆ ರಿಲೀಫ್. 60, ಆಮೇಲೆ 130 ಎಂದು ಏರಿದರೆ ಸೋರಿಕೆ.

ಸೋರಿಕೆ ಎಲ್ಲಿ ಎಂದು ತಿಳಿಯಲು ರೋಟವೇಟರ್ ಎತ್ತಿ ಎಂಜಿನ್ ಆರಿಸಿ. ನಿಧಾನವಾಗಿ ಇಳಿದು ನೆಲ ಮುಟ್ಟಿದರೆ ಲಿಫ್ಟ್ ಪಿಸ್ಟನ್ನಿನ ಓರಿಂಗ್ ಅಥವಾ ಚೆಕ್ ವಾಲ್ವ್ (ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವುದು). ಎಂಜಿನ್ ಓಡುವಾಗ ಬಿಕ್ಕಳಿಸಿದ ಹಾಗೆ ಕೆಲವು ಸೆಕೆಂಡಿಗೊಮ್ಮೆ ಕುಪ್ಪಳಿಸುವುದೂ ಇದರದೇ ಲಕ್ಷಣ: ಇಳಿದದ್ದನ್ನು ಪೊಸಿಷನ್ ಕಂಟ್ರೋಲ್ ಮತ್ತೆ ಮತ್ತೆ ಎತ್ತುತ್ತಿರುತ್ತದೆ. ಇಳಿಯದೆ ನಿಂತರೆ ಅನುಮಾನ ಪಂಪಿನ ಕಡೆಗೆ. ಈ ಪರೀಕ್ಷೆಯಲ್ಲಿ ಕೈ, ಕಾಲು ಯಾವುದೂ ರೋಟವೇಟರಿನ ಕೆಳಗಿರಬಾರದು.

ಲೋಡರ್‌ನಂಥ ಎರಡು ಪೈಪಿನ ಜಾಕಿಗೆ ಬೇರೆ ಪರೀಕ್ಷೆ. ಬಕೆಟ್ ಕಳಚಿ ಅಥವಾ ತೋಳಿಗೆ ಭದ್ರವಾಗಿ ಆಸರೆ ಕೊಟ್ಟು, ರಾಡ್ ಪೂರ್ತಿ ಹೊರಗೆ ಚಾಚಿ. ಎಂಜಿನ್ ಆರಿಸಿ, ಲಿವರ್ ಆಡಿಸಿ ಒತ್ತಡ ಬಿಡಿ. ರಾಡ್ ಕಡೆಯ ಪೈಪ್ ಕಳಚಿ, ಪೈಪಿನ ಬಾಯಿಗೆ ಪ್ಲಗ್ ಹಾಕಿ. ಮತ್ತೆ ಚಾಚುವ ದಿಕ್ಕಿಗೇ ಒತ್ತಡ ಕೊಡಿ. ತೆರೆದ ತೂತಿನಿಂದ ಎಣ್ಣೆ ಹರಿಯುತ್ತಲೇ ಇದ್ದರೆ ಪಿಸ್ಟನ್ ಸೀಲ್ ಹೋಗಿದೆ. ಒಂದೇ ದಿಕ್ಕಿನಲ್ಲಿ ಬಲ ಕಮ್ಮಿ ಇದ್ದರೆ ಪೈಪನ್ನೂ ಬದಲಿಸಿ ನೋಡಿ: ಒಳಪದರ ಕಿತ್ತು ಬಾಗಿಲಿನ ಹಾಗೆ ಮುಚ್ಚಿಕೊಳ್ಳುವುದುಂಟು, ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ.

ಸೂಜಿಮೊನೆಯಷ್ಟು ಸೋರಿಕೆಯನ್ನು ಕೈಯಿಂದ ತಡವಿ ಹುಡುಕಲೇಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಡಮಾಡದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು.

ರಿಲೀಫ್ ವಾಲ್ವಿನ ಸ್ಕ್ರೂ ಬಿಗಿ ಮಾಡುವುದು ಎಲ್ಲರಿಗೂ ಗೊತ್ತಿರುವ “ರಿಪೇರಿ.” ಮೊದಲು ಬಿಚ್ಚಿ ತೊಳೆಯಿರಿ. ಸೀಟಿನ ಮೇಲೆ ಕೂತ ಒಂದು ಕಸ, ಸೋತ ಸ್ಪ್ರಿಂಗ್, ಗೀರು ಬಿದ್ದ ಗುಂಡು, ಕಾರಣ ಹೆಚ್ಚಾಗಿ ಇವೇ. ಬಿಗಿ ಮಾಡುವುದೇ ಆದರೆ ಗೇಜ್ ನೋಡುತ್ತಾ ಕಾಲು ಸುತ್ತು, ಪುಸ್ತಕದ ಅಂಕಿಯಲ್ಲಿ ನಿಲ್ಲಿಸಿ. ಸವೆದ ಪಂಪಿರುವ ಗಾಡಿಯಲ್ಲಿ ಇದನ್ನು ಬಿಗಿ ಮಾಡಿದರೆ ಬಲ ಬರುವುದಿಲ್ಲ. ಹೊಸ ಪಂಪು ಹಾಕಿದ ದಿನ ಪೈಪು ಒಡೆಯುತ್ತದೆ.

ಪಂಪು ಬದಲಿಸಿದಾಗ ಹಳೆಯದರ ಲೋಹದ ಪುಡಿ ಎಣ್ಣೆಯಲ್ಲೇ ಉಳಿದಿರುತ್ತದೆ. ಎಣ್ಣೆ, ಫಿಲ್ಟರ್ ಬದಲಿಸಿ, ಸ್ಟ್ರೈನರ್ ತೊಳೆದು, ಕಡಿಮೆ ಸುತ್ತಿನಲ್ಲಿ ಭಾರವಿಲ್ಲದೆ ಹತ್ತು ಸಲ ಎತ್ತಿ ಇಳಿಸಿ. ಗಾಳಿ ಹೊರಟ ಮೇಲೆ ಮಟ್ಟ ಇಳಿದಿರುತ್ತದೆ, ಮತ್ತೊಮ್ಮೆ ಕಡ್ಡಿ ಎಳೆದು ಎಣ್ಣೆ ಸೇರಿಸಿ.